ಎಂಜಿನ್ ತರುವ ಮೊದಲು ದೋಣಿಯನ್ನು ಅಳೆಯಿರಿ



"ಎಂಜಿನ್ ವಿಷಯ ಗಂಡಸರದ್ದಲ್ವಾ ಸಿಸ್ಟರ್? ನಮಗೆ ಎಂತ ಗೊತ್ತಾಗ್ತದೆ?" ಹೊಳೆದಂಡೆಯ ಒಂದು ಸಂಘದ ಸಭೆಯಲ್ಲಿ ಸದಸ್ಯೆಯೊಬ್ಬರು ನನ್ನನ್ನು ಹೀಗೆ ಕೇಳಿದರು. ಆಗ ನಾನು ತಿರುಗಿ ಕೇಳಿದೆ: "ಎಂಜಿನ್ನಿನ ಸಾಲ ಯಾರ ಹೆಸರಲ್ಲಿದೆ? ಪ್ರತಿ ತಿಂಗಳು ಕಂತು ಕಟ್ಟುವುದು ಯಾರು? ಕಂತು ತಪ್ಪಿದರೆ ಸಭೆಯಲ್ಲಿ ಉತ್ತರ ಹೇಳಬೇಕಾದವರು ಯಾರು?" ಎಲ್ಲರೂ ಸುಮ್ಮನಾದರು. ಸಾಲ ನಮ್ಮದಾದರೆ ಎಂಜಿನ್ನೂ ನಮ್ಮದೇ. ಅದನ್ನು ಆರಿಸುವ ಮಾತಿನಲ್ಲಿ ನಾವೂ ಇರಬೇಕು.

ಈ ಪಾಠ ಬರೆಯಲು ಇನ್ನೊಂದು ಕಾರಣವೂ ಇದೆ. ಕೆಲವು ವರ್ಷಗಳ ಹಿಂದೆ ಒಂದು ಸಂಘದಿಂದ ಎಂಜಿನ್ ಸಾಲದ ಅರ್ಜಿ ಬಂತು. ಬಡ್ಡಿ, ಜಾಮೀನು, ಹಾಜರಿ ಪುಸ್ತಕ ಎಲ್ಲವನ್ನೂ ನೋಡಿ ನಾನು ಶಿಫಾರಸು ಮಾಡಿದೆ. ದೋಣಿ ಎಷ್ಟು ಉದ್ದ, ಎಲ್ಲಿ ಬಲೆ ಬಿಡುತ್ತಾರೆ ಎಂದು ಒಂದು ಮಾತೂ ಕೇಳಲಿಲ್ಲ. ಆ ಮನೆಯವರು ನೆರೆಮನೆಯವರ ಎಂಜಿನ್ ನೋಡಿ, ಅಂಗಡಿಯವರ ಮಾತು ಕೇಳಿ, 18 ಅಡಿಯ ಮರದ ದೋಣಿಗೆ 15 ಅಶ್ವಶಕ್ತಿಯ ಉದ್ದ ಕಾಲಿನ ಎಂಜಿನ್ ತಂದರು. ಇಳಿತದ ಹೊತ್ತಿಗೆ ಅದು ಹೊಳೆಯ ಮರಳಿಗೆ ತಾಗುತ್ತಿತ್ತು. ಎಣ್ಣೆ ಖರ್ಚು ಹೆಚ್ಚಿತು, ವೇಗ ಮಾತ್ರ ಹೆಚ್ಚಲಿಲ್ಲ. ಮಳೆಗಾಲದಲ್ಲಿ ಸಣ್ಣ ಎಂಜಿನ್ನಿನವರು ಬಲೆ ಹಾಕಲು ಹೋದರೆ ಇವರ ದೋಣಿ ಕಟ್ಟಿ ಇಡಬೇಕಾಯಿತು. ಐದು ಕಂತು ತಪ್ಪಿತು. ಆ ಅಕ್ಕ ನಾಚಿಕೆಯಿಂದ ಸಭೆಗೆ ಬರುವುದನ್ನೇ ಬಿಟ್ಟರು. ತಪ್ಪು ಅವರೊಬ್ಬರದ್ದಲ್ಲ. ಕೇಳದೆ ಇದ್ದ ನನ್ನದೂ ಹೌದು, ಸಂಘದ್ದೂ ಹೌದು.

ಆದುದರಿಂದ ಎಂಜಿನ್ ಸಾಲ ಮಂಜೂರು ಮಾಡುವ ಮೊದಲು ಸಂಘದಲ್ಲಿ ಕೇಳಬೇಕಾದ ಆರು ಪ್ರಶ್ನೆಗಳನ್ನು ಇಲ್ಲಿ ಕೊಟ್ಟಿದ್ದೇನೆ.

1. ದೋಣಿಗೆ ಎಷ್ಟು ಶಕ್ತಿ ಬೇಕು?

"ದೊಡ್ಡ ಎಂಜಿನ್ ಹಾಕಿದರೆ ಬೇಗ ಹೋಗಬಹುದು" ಎಂಬುದು ಎಲ್ಲರ ನಂಬಿಕೆ. ನಮ್ಮ ಮರದ ದೋಣಿಗಳ ಮಟ್ಟಿಗೆ ಇದು ಅಷ್ಟಾಗಿ ನಿಜವಲ್ಲ. ಭಾರದ ದೋಣಿ ನೀರನ್ನು ಸೀಳಿಕೊಂಡು ಹೋಗುವಾಗ ಮುಂದೆ ಒಂದು ಅಲೆ, ಹಿಂದೆ ಒಂದು ಅಲೆ ಏಳುತ್ತದೆ. ವೇಗ ಹೆಚ್ಚಿದಂತೆ ದೋಣಿ ಆ ಎರಡು ಅಲೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಹಿಂಭಾಗ ತಗ್ಗುತ್ತದೆ, ಮೂತಿ ಮೇಲೇಳುತ್ತದೆ. ಆಮೇಲೆ ಎಷ್ಟು ಎಣ್ಣೆ ಸುಟ್ಟರೂ ದೋಣಿ ತನ್ನದೇ ಅಲೆಯ ಏರು ಹತ್ತಲು ಒದ್ದಾಡುತ್ತದೆ.

ಈ ಮಿತಿ ದೋಣಿಯ ಉದ್ದವನ್ನು ಹೊಂದಿಕೊಂಡಿದೆ. ನೀರಿಗೆ ತಾಗುವ ಉದ್ದ 16 ಅಡಿ ಇದ್ದರೆ ಗಂಟೆಗೆ ಸುಮಾರು 10 ಕಿ.ಮೀ., 25 ಅಡಿ ಇದ್ದರೆ ಸುಮಾರು 12 ಕಿ.ಮೀ. ಅದಕ್ಕಿಂತ ಹೆಚ್ಚಿನ ಶಕ್ತಿ ಹಾಕಿದರೆ ಹಣ ನೀರಿಗೆ ಹಾಕಿದ ಹಾಗೆ. ಹಗುರವಾದ, ತಳ ಚಪ್ಪಟೆಯಾದ ಫೈಬರ್ ದೋಣಿ ಮಾತ್ರ ನೀರಿನ ಮೇಲೆ ಎದ್ದು ಜಾರಿಕೊಂಡು ಹೋಗಬಲ್ಲದು. ಅದರ ಲೆಕ್ಕ ಬೇರೆ. ಆದರೆ ಅದರಲ್ಲೂ ಬಲೆ, ಐಸು, ನಾಲ್ಕು ಜನ ತುಂಬಿದರೆ ಮತ್ತೆ ಇದೇ ಕಥೆ.

ಹೊಳೆಯೊಳಗೆ ಬಲೆ ಬಿಡುವ, ಬಳಚು ಹೆಕ್ಕಲು ಹೋಗುವ 16 ಅಡಿಯ ದೋಣಿಗೆ 5 ಅಶ್ವಶಕ್ತಿಯ ಆಸುಪಾಸು ಸಾಕಾಗುತ್ತದೆ. ಅಳಿವೆ ದಾಟಿ ಕಡಲಿಗೆ ಇಳಿಯುವ 20-25 ಅಡಿಯ ದೋಣಿಗೆ ಸೆಳೆತ, ಗಾಳಿ ಎದುರಿಸಲು ಸ್ವಲ್ಪ ಹೆಚ್ಚಿನ ಬಲ ಬೇಕು. 8ರಿಂದ 9.9 ಇದ್ದರೆ ಕೆಲಸ ನಡೆಯುತ್ತದೆ.

2. ಮಳೆಗಾಲದಲ್ಲಿ ಕೆಲಸ ಉಂಟಾ?

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಈ ಅವಧಿಯಲ್ಲಿ 10 ಅಶ್ವಶಕ್ತಿವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ವಿನಾಯಿತಿ ಕೊಡುತ್ತಾರೆ. ಅಂಗಡಿಯಲ್ಲಿ 9.9 ಎಂದು ಬರೆದ ಎಂಜಿನ್ನಿಗೂ 15 ಎಂದು ಬರೆದದ್ದಕ್ಕೂ ನೋಡಲು ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಆದರೆ ನಮಗೆ ಆ ವ್ಯತ್ಯಾಸ ಎರಡು ತಿಂಗಳ ದುಡಿಮೆ. ನಾನು ಮೇಲೆ ಹೇಳಿದ ಮನೆಗೆ ಪೆಟ್ಟು ಬಿದ್ದದ್ದು ಇಲ್ಲೇ. ಪ್ರತಿ ವರ್ಷದ ಆದೇಶವನ್ನು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.

ವಿನಾಯಿತಿ ಇದೆ ಎಂದ ಮಾತ್ರಕ್ಕೆ ಅಪಾಯ ಇಲ್ಲ ಎಂದಲ್ಲ. ಮಳೆಗಾಲದಲ್ಲಿ ಅಳಿವೆ ಬಾಗಿಲಲ್ಲಿ ದೋಣಿ ಮಗುಚುವುದನ್ನು ನಾವು ಕಂಡಿದ್ದೇವೆ. ಹವಾಮಾನದ ಎಚ್ಚರಿಕೆ ಇರುವ ದಿನ ಯಾವ ಎಂಜಿನ್ ಇದ್ದರೂ ಹೋಗಬಾರದು.

3. ಎಂಜಿನ್ನಿನ ಕಾಲು ಎಷ್ಟು ಉದ್ದ?

ಔಟ್‌ಬೋರ್ಡ್ ಎಂಜಿನ್ನಿನ ತಲೆ ಮೇಲೆ, ಫ್ಯಾನ್ ಕೆಳಗೆ. ನಡುವಿನ ಭಾಗವನ್ನು ಶಾಫ್ಟ್ ಎನ್ನುತ್ತಾರೆ. ನಾವು ಕಾಲು ಎಂದು ಕರೆಯೋಣ. ಗಿಡ್ಡ ಕಾಲು 15 ಇಂಚು, ಉದ್ದ ಕಾಲು 20 ಇಂಚು, ಇವೆರಡು ಸಾಮಾನ್ಯ ಅಳತೆಗಳು.

ಅಳೆಯುವ ಕ್ರಮ ಸುಲಭ. ದೋಣಿಯ ಹಿಂಬದಿಯಲ್ಲಿ ಎಂಜಿನ್ ಕಚ್ಚಿಸುವ ಹಲಗೆಯ ಮೇಲಂಚಿನಿಂದ ದೋಣಿಯ ತಳದವರೆಗೆ, ನಟ್ಟನಡುವೆ, ನೇರವಾಗಿ ಟೇಪು ಹಿಡಿಯಿರಿ. 15ರ ಹತ್ತಿರ ಬಂದರೆ ಗಿಡ್ಡ ಕಾಲು, 20ರ ಹತ್ತಿರ ಬಂದರೆ ಉದ್ದ ಕಾಲು. ಎರಡೂ ತುದಿ ಚೂಪಾದ ದೋಣಿಯಲ್ಲಿ ಎಂಜಿನ್ನನ್ನು ಬದಿಗೆ ಮರ ಕಟ್ಟಿ ಕೂರಿಸುತ್ತಾರೆ. ಅಲ್ಲಿ ಆ ಮರದ ಮೇಲಂಚಿನಿಂದ ಅಳೆಯಬೇಕು.

ಫ್ಯಾನಿನ ಮೇಲೆ ಅಗಲವಾದ ಒಂದು ತಗಡು ಇರುತ್ತದೆ. ಅದು ದೋಣಿಯ ತಳಕ್ಕೆ ಸಮನಾಗಿ, ಇಲ್ಲವೇ ಒಂದು ಇಂಚಿನಷ್ಟು ಕೆಳಗೆ ಬರಬೇಕು. ಕಾಲು ಗಿಡ್ಡವಾದರೆ ಫ್ಯಾನು ಗಾಳಿ ಎಳೆದುಕೊಂಡು ಸುಮ್ಮನೆ ತಿರುಗುತ್ತದೆ, ಅಲೆ ಇರುವಲ್ಲಿ ದೋಣಿ ಕೈಗೆ ಸಿಗುವುದಿಲ್ಲ. ಉದ್ದವಾದರೆ ನೀರಿನ ಎಳೆತ ಹೆಚ್ಚು, ಹೊಳೆಯಲ್ಲಿ ಮರಳು, ಕಲ್ಲು ತಾಗುತ್ತದೆ.

4. ಯಾವ ಎಣ್ಣೆ? ತಿಂಗಳಿಗೆ ಎಷ್ಟು?

ಎಂಜಿನ್ನಿನ ಬೆಲೆ ಒಮ್ಮೆ ಕೊಡುವುದು. ಎಣ್ಣೆಯ ಬೆಲೆ ದಿನಾ ಕೊಡುವುದು. ಆದ್ದರಿಂದ ಈ ಪ್ರಶ್ನೆಗೆ ಹೆಚ್ಚು ಹೊತ್ತು ಕೊಡಿ.

ಎರಡು ಸ್ಟ್ರೋಕಿನ ಎಂಜಿನ್ ಹಗುರ, ರಿಪೇರಿ ಸುಲಭ, ಊರಿನ ಮೆಕ್ಯಾನಿಕ್‌ಗಳಿಗೆ ಪರಿಚಯ. ಆದರೆ ಇಂಧನಕ್ಕೆ ಆಯಿಲ್ ಬೆರೆಸಬೇಕು, ಹೊಗೆ ಜಾಸ್ತಿ, ಕುಡಿಯುವುದೂ ಜಾಸ್ತಿ. ಸೀಮೆಎಣ್ಣೆಯ ಎಂಜಿನ್ನುಗಳು ಹೆಚ್ಚಾಗಿ ಈ ಜಾತಿಯವು. ಅವನ್ನು ಪೆಟ್ರೋಲಿನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮೊದಲು ಮತ್ತೆ ಸ್ವಲ್ಪ ಹೊತ್ತು ಪೆಟ್ರೋಲಿನಲ್ಲಿ ಓಡಿಸಬೇಕು. ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಎಂಜಿನ್ನಿಗೆ ಬೆಲೆ ಹೆಚ್ಚು, 9.9ರದ್ದು 40 ಕೆ.ಜಿ.ಯ ಆಚೀಚೆ ತೂಗುತ್ತದೆ. ಆದರೆ ಎಣ್ಣೆ ಉಳಿಯುತ್ತದೆ.

ಒಂದು ಲೆಕ್ಕ ಮಾಡೋಣ. ಸುಲಭಕ್ಕೆ ಪೆಟ್ರೋಲು ಲೀಟರಿಗೆ 100 ರೂಪಾಯಿ ಎಂದು ಇಟ್ಟುಕೊಳ್ಳಿ. ತಿಂಗಳಿಗೆ 20 ದಿನ, ದಿನಕ್ಕೆ 3 ಗಂಟೆ ಓಟ, ಒಟ್ಟು 60 ಗಂಟೆ.

• ನಾಲ್ಕು ಸ್ಟ್ರೋಕಿನ 10 ಅಶ್ವಶಕ್ತಿಯ ಎಂಜಿನ್ ಪೂರ್ತಿ ವೇಗದಲ್ಲಿ ಗಂಟೆಗೆ ಹೆಚ್ಚುಕಡಿಮೆ 4 ಲೀಟರ್ ಕುಡಿಯುತ್ತದೆ: 240 ಲೀಟರ್, 24,000 ರೂ.
• ಅದೇ ಶಕ್ತಿಯ ಎರಡು ಸ್ಟ್ರೋಕಿನದು ಗಂಟೆಗೆ ಐದೂವರೆ ಲೀಟರ್ ಎಂದು ಹಿಡಿದರೆ: 330 ಲೀಟರ್, 33,000 ರೂ. ಬೆರೆಸುವ ಆಯಿಲ್ ಬೇರೆ.
• ನಾಲ್ಕು ಸ್ಟ್ರೋಕಿನದನ್ನೇ ಸ್ವಲ್ಪ ನಿಧಾನ ಓಡಿಸಿ, ಗಂಟೆಗೆ ಎರಡೂವರೆ ಲೀಟರಿನಂತೆ ದಿನಕ್ಕೆ ಮೂರೂವರೆ ಗಂಟೆ ಹೋದರೆ: 175 ಲೀಟರ್, 17,500 ರೂ.

ಮೊದಲನೆಯದಕ್ಕೂ ಕೊನೆಯದಕ್ಕೂ 6,500 ರೂಪಾಯಿ ವ್ಯತ್ಯಾಸ. ಎಂಜಿನ್ ಒಂದೇ, ಕೈ ಮಾತ್ರ ಬೇರೆ. ದಿನಕ್ಕೆ ಅರ್ಧ ಗಂಟೆ ತಾಳ್ಮೆಯಿಂದ ಸಾಲದ ಕಂತಿಗೆ ದೊಡ್ಡ ಸಹಾಯ ಆಗುತ್ತದೆ. ಈ ಲೆಕ್ಕವನ್ನು ನಿಮ್ಮ ಮನೆಯ ಗಂಟೆ, ನಿಮ್ಮ ಊರಿನ ದರ ಹಾಕಿ ನೀವೇ ಮಾಡಿ. ಸೀಮೆಎಣ್ಣೆಗೂ ಮಾಡಿ. ಆದರೆ ರಿಯಾಯಿತಿ ದರದ ಸೀಮೆಎಣ್ಣೆ ಬೇಕಾದಷ್ಟು, ಬೇಕಾದಾಗ ಸಿಗುತ್ತದೆ ಎಂದು ನಂಬಿ ಲೆಕ್ಕ ಹಾಕಬೇಡಿ. ಸಿಗದ ತಿಂಗಳಲ್ಲಿ ಹೊರಗಿನ ದರಕ್ಕೆ ತರಬೇಕಾಗುತ್ತದೆ.

5. ಸಹಾಯಧನ ಯಾರ ಹೆಸರಿಗೆ?

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಫಲಾನುಭವಿಗಳ ಕಾಮಗಾರಿಗಳಿಗೆ ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60ರವರೆಗೆ ಸಹಾಯಧನ ಎಂದು ಇಡಲಾಯಿತು. 2023ರ ರಾಜ್ಯ ಬಜೆಟ್ಟಿನಲ್ಲಿ ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನಿಗೆ ಬದಲಾಗುವ ದೋಣಿಗಳಿಗೆ 50,000 ರೂ. ಸಹಾಯಧನ ಘೋಷಣೆಯಾಯಿತು. ಯೋಜನೆಗಳು ಬದಲಾಗುತ್ತಾ ಇರುತ್ತವೆ. ಆದುದರಿಂದ ಹಣ ಕೊಡುವ ಮೊದಲೇ ಇಲಾಖೆಗೆ ಹೋಗಿ, ಈಗ ಯಾವುದು ಚಾಲ್ತಿಯಲ್ಲಿದೆ, ಎಂಜಿನ್ ಮೊದಲು ತಂದರೆ ಸಹಾಯಧನ ಸಿಗುತ್ತದೆಯೋ ಇಲ್ಲವೋ ಕೇಳಿ. ದೋಣಿಯ ನೋಂದಣಿ, ಮೀನುಗಾರಿಕೆ ಪರವಾನಗಿ ಸರಿ ಇರಬೇಕು.

ಸಾಲ ಹೆಂಡತಿಯ ಹೆಸರಲ್ಲಿ, ಬಿಲ್ಲು ಗಂಡನ ಹೆಸರಲ್ಲಿ ಇದ್ದರೆ ಮುಂದೆ ತೊಂದರೆ. ಬಿಲ್ಲು, ವಾರಂಟಿ ಕಾರ್ಡು, ಎಂಜಿನ್ ನಂಬರ್ ಮೂರರ ಒಂದೊಂದು ಪ್ರತಿ ಸಂಘದ ಕಡತದಲ್ಲಿ ಇಡಿ.

6. ಕೆಟ್ಟರೆ ಯಾರು ನೋಡುತ್ತಾರೆ?

ಕಂಪನಿಯ ಹೆಸರಿಗಿಂತ ಹತ್ತಿರದ ಮೆಕ್ಯಾನಿಕ್ ಮುಖ್ಯ. ಬಿಡಿಭಾಗಕ್ಕಾಗಿ ಎರಡು ವಾರ ಕಾಯುವ ಎಂಜಿನ್ ಎಷ್ಟು ಒಳ್ಳೆಯದಾದರೂ ನಮಗಲ್ಲ. ಅಂಗಡಿಯಲ್ಲಿ ಫ್ಯಾನಿನ ಬಗ್ಗೆಯೂ ಕೇಳಿ. ಭಾರ ಎಳೆಯುವ ದೋಣಿಗೆ ಪಿಚ್ ಕಡಿಮೆ ಇರುವ ಫ್ಯಾನ್ ಬೇಕು. ಪಿಚ್ ಹೆಚ್ಚಾದರೆ, ತುಂಬಿದ ಗಾಡಿಯನ್ನು ಟಾಪ್ ಗೇರಿನಲ್ಲಿ ಏರು ಹತ್ತಿಸಿದ ಹಾಗೆ ಎಂಜಿನ್ ಏದುಸಿರು ಬಿಡುತ್ತದೆ.

ಹಳೆ ಎಂಜಿನ್ ಕೊಳ್ಳುವುದಾದರೆ ನೀರಿನಲ್ಲಿ ಓಡಿಸಿ ನೋಡದೆ ಮುಂಗಡ ಕೊಡಬೇಡಿ. ಎಂಜಿನ್ ಓಡುವಾಗ ತಂಪು ಮಾಡಿದ ನೀರು ಪಕ್ಕದ ತೂತಿನಿಂದ ಪಿಚಕಾರಿಯಂತೆ ಹೊರಗೆ ಬರುತ್ತಿರಬೇಕು. ಗೇರಿನ ಆಯಿಲ್ ಸ್ವಲ್ಪ ಇಳಿಸಿ ನೋಡಿ. ಹಾಲು ಬೆರೆಸಿದ ಚಹಾದಂತೆ ಇದ್ದರೆ ಒಳಗೆ ನೀರು ಹೋಗಿದೆ. ನಂಬರ್ ತಿದ್ದಿದ ಎಂಜಿನ್ ಬೇಡವೇ ಬೇಡ.

ಹೊಸತು ತಂದ ಮೇಲೆ ದಿನವೂ ಸಿಹಿನೀರಿನಲ್ಲಿ ತೊಳೆದು ಓಡಿಸಿ ಉಪ್ಪು ತೆಗೆಯಿರಿ. ನಾಲ್ಕು ಸ್ಟ್ರೋಕಿನದಕ್ಕೆ ಮೊದಲ 20 ಗಂಟೆಗೆ, ಆಮೇಲೆ ಪ್ರತಿ 100 ಗಂಟೆಗೆ ಆಯಿಲ್ ಬದಲಿಸಬೇಕು. ನಡೆಸುವವರು ಬಿದ್ದರೆ ಎಂಜಿನ್ ತಾನೇ ನಿಲ್ಲುವಂತೆ ಕೊಟ್ಟಿರುವ ಹಗ್ಗವನ್ನು ಕೈಗೆ ಕಟ್ಟಿಕೊಳ್ಳಲಿ. ಲೈಫ್ ಜಾಕೆಟ್ ಮತ್ತು ಒಂದು ಜೊತೆ ಹುಟ್ಟಿನ ದುಡ್ಡನ್ನೂ ಸಾಲದ ಅಂದಾಜಿನಲ್ಲೇ ಸೇರಿಸಿ.

ಮೊದಲು ಹೇಳಿದ ಅಕ್ಕನ ಮಾತು ಹೇಳಿ ಮುಗಿಸುತ್ತೇನೆ. ಸಂಘದವರು ಮನೆಗೆ ಹೋಗಿ ಅವರನ್ನು ಕರೆತಂದರು. ಕಂತು ಸಣ್ಣದು ಮಾಡಿ ಅವಧಿ ಹೆಚ್ಚಿಸಿದರು. 15ರ ಎಂಜಿನ್ ನಷ್ಟದಲ್ಲೇ ಮಾರಿ, ಗಿಡ್ಡ ಕಾಲಿನ 8ರದ್ದೊಂದು ಹಳೆಯದನ್ನು ನೋಡಿ ತಂದರು. ಸಾಲ ತೀರಲು ಒಂದೂವರೆ ವರ್ಷ ಹೆಚ್ಚು ಹಿಡಿಯಿತು, ಆದರೆ ತೀರಿತು. ಈಗ ಆ ಸಂಘದಲ್ಲಿ ಯಾರೇ ಎಂಜಿನ್ ಸಾಲ ಕೇಳಿದರೂ ಮೊದಲು ಟೇಪು ಹಿಡಿದು ದೋಣಿಯ ಹತ್ತಿರ ಹೋಗುವವರು ಅವರೇ.

ಸಭೆಯಲ್ಲಿ ಚರ್ಚಿಸಲು:
1. ನಮ್ಮ ಸಂಘದ ಮನೆಗಳಲ್ಲಿ ಎಷ್ಟು ದೋಣಿಗಳಿವೆ? ಪ್ರತಿಯೊಂದರ ಉದ್ದ, ಹಿಂಬದಿ ಹಲಗೆಯ ಎತ್ತರ ಅಳೆದು ಬರೆಯಿರಿ.
2. ಕಳೆದ ತಿಂಗಳು ಎಣ್ಣೆಗೆ ಎಷ್ಟು ಹೋಯಿತು? ಮೀನಿನಿಂದ ಎಷ್ಟು ಬಂತು?
3. ಎಂಜಿನ್ ಬಿಲ್ಲುಗಳು ಯಾರ ಹೆಸರಿನಲ್ಲಿವೆ?
4. ಕಂತು ತಪ್ಪಿದ ಸದಸ್ಯೆಯ ಮನೆಗೆ ನಾವು ಕೊನೆಯ ಬಾರಿ ಹೋದದ್ದು ಯಾವಾಗ?