ಉರಿಯುತ್ತಿರುವುದು ಏನು, ದೂರು ಯಾರಿಗೆ?

ನಾಗರಬಾವಿ ಎರಡನೇ ಹಂತದ ಒಂದು ಅಡ್ಡರಸ್ತೆ. ಜನವರಿ ತಿಂಗಳು, ಬೆಳಿಗ್ಗೆ ಆರೂವರೆ. ಖಾಲಿ ಸೈಟಿನಲ್ಲಿ ಗುಡಿಸಿ ಗುಡ್ಡೆ ಹಾಕಿದ ಹೊಂಗೆ ತರಗೆಲೆ ಒಳಗೊಳಗೇ ಹೊಗೆಯಾಡುತ್ತಿದೆ. ಎದುರಿಗೆ ಕಟ್ಟುತ್ತಿರುವ ಮನೆಯ ಮುಂದೆ ಕಾವಲುಗಾರ ಪೇಂಟ್ ಡಬ್ಬದಲ್ಲಿ ಸೆಂಟ್ರಿಂಗ್ ಹಲಗೆಯ ಚೂರು ಉರಿಸಿ ಕೈ ಕಾಯಿಸಿಕೊಳ್ಳುತ್ತಿದ್ದಾನೆ. ಮೂಲೆಮನೆಯ ಮಹಡಿಯಲ್ಲಿ ಹಂಡೆ ಒಲೆ ಹೊತ್ತಿದೆ. ಬೀದಿ ತುದಿಯ ಬಿರಿಯಾನಿ ಹೋಟೆಲಿನ ಹಿಂಬದಿಯಲ್ಲಿ ಸೌದೆಯ ರಾಶಿ. ‘ಸೌದೆ ಒಲೆಯಲ್ಲಿ ಮಾಡಿದ್ದು’ ಎಂದು ಬೋರ್ಡಿನಲ್ಲೇ ಬರೆಸಿದ್ದಾರೆ.

ಮೂಗಿಗೆ ಇವೆಲ್ಲ ಒಂದೇ ಹೊಗೆ. ಕಾನೂನಿನ ಕಣ್ಣಿಗೆ ಹಾಗಲ್ಲ. ಉರಿಯುತ್ತಿರುವುದು ಕಸವೋ ಇಂಧನವೋ, ಉರಿಸುತ್ತಿರುವುದು ಮನೆಯೋ ವ್ಯಾಪಾರವೋ ಎನ್ನುವುದರ ಮೇಲೆ ಯಾವ ಕಚೇರಿಯ ಬಾಗಿಲು ತಟ್ಟಬೇಕು ಎನ್ನುವುದು ನಿಂತಿದೆ. ಹೊಗೆಯ ದೂರುಗಳು ಎಷ್ಟೋ ಸಲ ದಾರಿತಪ್ಪುವುದು ಇಲ್ಲೇ: ಹಂಡೆ ಒಲೆಗೆ ಕಸದ ಮಾರ್ಷಲ್‌ಗಳನ್ನು ಕರೆಯುತ್ತೇವೆ, ತರಗೆಲೆಗೆ ಪೊಲೀಸರನ್ನು ಕರೆಯುತ್ತೇವೆ.

ಮೊದಲು ತರಗೆಲೆ. ಇದರಲ್ಲಿ ನಾಗರಿಕರ ಕೈ ಗಟ್ಟಿಯಾಗಿದೆ. ಬೀದಿಯಲ್ಲಿ, ಸಾರ್ವಜನಿಕ ಜಾಗದಲ್ಲಿ ಕಸ ಸುಡಬಾರದು ಎಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ 4ನೇ ನಿಯಮ ಹೇಳಿತು. 15ನೇ ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೀದಿ ಗುಡಿಸುವವರು ಎಲೆ ಸುಡದಂತೆ ನೋಡಿಕೊಂಡು, ಅದನ್ನು ಬೇರೆಯಾಗಿ ಸಂಗ್ರಹಿಸುವ ವ್ಯವಸ್ಥೆ ಮಾಡುವ ಹೊಣೆಯನ್ನು ಸ್ಥಳೀಯ ಸಂಸ್ಥೆಗೇ ಹೊರಿಸಿತು. ಅಂದರೆ ಎಲೆ ಒಯ್ಯಲು ಗಾಡಿ ಬಾರದೆ ಪೌರಕಾರ್ಮಿಕರೊಬ್ಬರು ಕಡ್ಡಿ ಗೀರಿದರೆ, ದೂರಿನಲ್ಲಿ ಇರಬೇಕಾದ್ದು ಅವರ ಹೆಸರಲ್ಲ, ಬಾರದ ಗಾಡಿಯ ವಿಷಯ.

‘ನನ್ನ ಕಾಂಪೌಂಡಿನೊಳಗೆ ನನ್ನ ಎಲೆ ಸುಟ್ಟರೆ ನಿಮಗೇನು?’ ಎನ್ನುವವರಿಗೂ ಉತ್ತರ ಇದೆ. ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ್ದ ಕಸದ ಅರ್ಜಿ ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2016ರ ಡಿಸೆಂಬರ್ 22ರಂದು ನ್ಯಾಯಮಂಡಳಿ ದೇಶದಾದ್ಯಂತ ಬಯಲಲ್ಲಿ ಕಸ ಸುಡುವುದನ್ನೇ ನಿಷೇಧಿಸಿತು. ಸಣ್ಣ ಪ್ರಮಾಣದಲ್ಲಿ ಸುಟ್ಟರೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ಪರಿಹಾರ ದಂಡ ಕಟ್ಟಬೇಕು. ದೂರಿನಲ್ಲಿ ಈ ಆದೇಶದ ತಾರೀಖನ್ನು ಬರೆಯಿರಿ. ಓದುವ ಅಧಿಕಾರಿ ಒಂದು ಕ್ಷಣ ತಲೆಯೆತ್ತುತ್ತಾರೆ.

ಈ ದೂರು ಹೋಗಬೇಕಾದ್ದು ಪಾಲಿಕೆಗೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದ ಮೇಲೆ ನಮ್ಮ ಭಾಗ ಬೆಂಗಳೂರು ಪಶ್ಚಿಮ ನಗರ ಪಾಲಿಕೆಗೆ ಸೇರಿದೆ. ಕಸದ ಕೆಲಸ ಬೆಂಗಳೂರು ಘನತ್ಯಾಜ್ಯ ನಿರ್ವಹಣಾ ನಿಯಮಿತದ್ದು. 1533ಕ್ಕೆ ಫೋನ್ ಮಾಡಿದರೆ ದೂರಿನ ಸಂಖ್ಯೆ ಕೊಡುತ್ತಾರೆ, ಅದನ್ನು ಬರೆದಿಟ್ಟುಕೊಳ್ಳಿ. ಆದರೆ ಫೋನನ್ನೇ ನಂಬಿ ಕೂರಬೇಡಿ. ಅದೇ ದಿನ ಕನ್ನಡದಲ್ಲಿ ಒಂದು ಪುಟದ ಅರ್ಜಿ ಬರೆದು ಟಪಾಲಿನಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಾರೀಖು ಸಮೇತ ಮೊಹರು ಹಾಕಿಸಿಕೊಳ್ಳಿ. ಮುಂದೆ ಯಾವ ಕೋರ್ಟಿಗೆ ಹೋದರೂ ಮೊದಲು ಕೇಳುವುದು ಆ ಮೊಹರನ್ನೇ.

ಅರ್ಜಿಯಲ್ಲಿ ‘ಹೊಗೆಯಿಂದ ತುಂಬಾ ತೊಂದರೆಯಾಗುತ್ತಿದೆ’ ಎಂದಷ್ಟೇ ಬರೆದರೆ ಅದು ಕಡತದಲ್ಲಿ ಮಲಗುತ್ತದೆ. ‘ಇಂಥ ಅಡ್ಡರಸ್ತೆಯ ಇಷ್ಟನೇ ನಂಬರಿನ ಖಾಲಿ ಸೈಟಿನಲ್ಲಿ ಜನವರಿ 6, 9 ಮತ್ತು 13ರಂದು ಬೆಳಿಗ್ಗೆ 6.20ರಿಂದ 7.45ರವರೆಗೆ ಎಲೆ ಮತ್ತು ಪ್ಲಾಸ್ಟಿಕ್ ಸುಡಲಾಗಿದೆ. ಮೂರು ಫೋಟೋ ಲಗತ್ತಿಸಿದೆ. ನಾಲ್ಕು ಮನೆಯವರು ಸಹಿ ಮಾಡಿದ್ದೇವೆ’ ಎಂದು ಬರೆದರೆ ಮಲಗುವುದು ಕಷ್ಟ. ಬಾಪೂಜಿನಗರದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಗಾಳಿ ಅಳೆಯುವ ಕೇಂದ್ರವಿದೆ ನಿಜ, ಆದರೆ ಅದು ಹೇಳುವುದು ಆ ಸುತ್ತಿನ ಗಾಳಿಯ ಕಥೆ. ಸೌದೆ ಹೊಗೆಯ ಅತಿ ಸಣ್ಣ ಕಣ, ಅಂದರೆ ಪಿಎಂ 2.5, 24 ಗಂಟೆಗಳ ಸರಾಸರಿಯಲ್ಲಿ ಒಂದು ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು ಎನ್ನುವುದು ನಮ್ಮ ದೇಶದ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಚಳಿಗಾಲದ ಬೆಳಗಿನಲ್ಲಿ ತಣ್ಣನೆಯ ಗಾಳಿ ನೆಲಕ್ಕೇ ಅಂಟಿಕೊಂಡು ಹೊಗೆ ಮೇಲೇರುವುದಿಲ್ಲ. ನಿಮ್ಮ ಬೀದಿಯಲ್ಲಿ ಆ ಒಂದೂವರೆ ಗಂಟೆ ಏನಾಯಿತು ಎನ್ನುವುದಕ್ಕೆ ನಿಮ್ಮ ನೋಟ್‌ಬುಕ್ಕೇ ಸಾಕ್ಷಿ.

ಇನ್ನು ಹಂಡೆ ಒಲೆ. ಇಲ್ಲಿ ಕಾನೂನು ಅಷ್ಟು ಸಲೀಸಲ್ಲ. 1981ರ ವಾಯು ಕಾಯ್ದೆಯ 19ನೇ ಕಲಂ ಪ್ರಕಾರ ರಾಜ್ಯ ಸರ್ಕಾರ ಗಾಳಿ ಕೆಡಿಸುವ ವಸ್ತು ಸುಡುವುದನ್ನು ನಿಷೇಧಿಸಬಹುದು, ಆದರೆ ಆ ವಸ್ತು ‘ಇಂಧನವಲ್ಲದ್ದು’ ಆಗಿರಬೇಕು. ಇಂಥ ಇಂಧನ ಬೇಡ ಎನ್ನಬೇಕಾದರೆ ಅದಕ್ಕೆ ಬೇರೆಯೇ ಅಧಿಸೂಚನೆ ಹೊರಡಬೇಕು. ನೀರು ಕಾಯಿಸಲು ಸೌದೆ, ತೆಂಗಿನ ಮಟ್ಟೆ ಹಾಕುವುದು ಕಸ ಸುಟ್ಟಂತಲ್ಲ. ಮೊದಲ ಔಷಧ ಮಾತುಕತೆಯೇ: ‘ಅಜ್ಜಿ, ಕೊಳವೆಯನ್ನು ಇನ್ನೊಂದಾಳು ಎತ್ತರಿಸೋಣ, ಹಸಿ ಸೌದೆ ಮಾತ್ರ ಬೇಡ’. ಒಣಗಿದ ಸೌದೆಗೆ ಹೊಗೆ ಕಡಿಮೆ.

ಮಾತು ನಡೆಯದಿದ್ದರೆ ಅದು ಇಬ್ಬರು ನೆರೆಯವರ ನಡುವಿನ ಸಿವಿಲ್ ವಿಷಯ. ನೆರೆಮನೆಯ ಅಡುಗೆಮನೆ ಹೊಗೆಗಿಂಡಿಗಳಿಂದ ಹೊಗೆ ನುಗ್ಗುತ್ತಿದ್ದ ಪ್ರಕರಣದಲ್ಲಿ, ಆ ಗಿಂಡಿಗಳನ್ನು ಮುಚ್ಚಬೇಕೆಂಬ ಕೆಳ ನ್ಯಾಯಾಲಯದ ಆಜ್ಞೆಯನ್ನು ಆಂಧ್ರಪ್ರದೇಶ ಹೈಕೋರ್ಟ್ ಎತ್ತಿಹಿಡಿದ ತೀರ್ಪು 1986ರ ವರದಿಗಳಲ್ಲಿದೆ. ಆದರೆ ಹೊಗೆಕೊಳವೆಗಾಗಿ ವರ್ಷಗಟ್ಟಲೆ ಸಿವಿಲ್ ಕೋರ್ಟ್ ಸುತ್ತುವ ಬದಲು ಕೊಳವೆಯ ಅರ್ಧ ಖರ್ಚು ನೀವೇ ಕೊಡುವುದು ಅಗ್ಗ ಎಂದು ನನ್ನ ಅನಿಸಿಕೆ.

ಹೋಟೆಲು, ಬೇಕರಿ, ಕಲ್ಯಾಣ ಮಂಟಪದ ಒಲೆ ಬೇರೆ ಲೆಕ್ಕ. ಅದು ವ್ಯಾಪಾರ, ವ್ಯಾಪಾರಕ್ಕೆ ಪಾಲಿಕೆಯ ಪರವಾನಗಿ ಬೇಕು. ಪಾಲಿಕೆಗೆ ಕೊಟ್ಟ ದೂರಿನ ಒಂದು ಪ್ರತಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕಳಿಸಿ. ವಾಯು ಕಾಯ್ದೆಯ 31ಎ ಕಲಂ ಪ್ರಕಾರ ಮಂಡಳಿ ಘಟಕವನ್ನು ಮುಚ್ಚಿಸಬಹುದು, ಕರೆಂಟು ನೀರು ಕಡಿತಕ್ಕೂ ಆದೇಶಿಸಬಹುದು. 2024ರ ಏಪ್ರಿಲ್‌ನಿಂದ ಈ ಕಾಯ್ದೆಯ ಉಲ್ಲಂಘನೆಗೆ ದಂಡ 10,000 ರೂಪಾಯಿಯಿಂದ 15 ಲಕ್ಷದವರೆಗೆ. ಗಾಳಿಯನ್ನು ಆರೋಗ್ಯಕ್ಕೆ ಹಾನಿಯಾಗುವಂತೆ ಕೆಡಿಸುವುದು ಭಾರತೀಯ ನ್ಯಾಯ ಸಂಹಿತೆಯ 280ನೇ ಕಲಂ ಪ್ರಕಾರ ಅಪರಾಧವೂ ಹೌದು; ದಂಡ ಮಾತ್ರ ಹೆಚ್ಚೆಂದರೆ 1,000 ರೂಪಾಯಿ. ಹೋಟೆಲಿನವರಿಗೆ ಅದು ಹತ್ತು ಪ್ಲೇಟಿನ ದುಡ್ಡು.

ಕೊಟ್ಟ ದೂರಿಗೆ ಉತ್ತರವೇ ಇಲ್ಲವೆ? ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ನನ್ನ ಇಂಥ ತಾರೀಖಿನ ದೂರಿನ ಮೇಲೆ ಕೈಗೊಂಡ ಕ್ರಮ ಏನು, ಸ್ಥಳ ಪರಿಶೀಲನೆಯ ವರದಿಯ ಪ್ರತಿ ಕೊಡಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ಉತ್ತರಕ್ಕೆ 30 ದಿನ. ನನ್ನ ಅನುಭವದಲ್ಲಿ ಅರ್ಧ ಕೆಲಸ ಈ ಹಂತದಲ್ಲೇ ಆಗುತ್ತದೆ, ಯಾಕೆಂದರೆ ವರದಿ ಕೊಡಬೇಕಾದರೆ ಮೊದಲು ಯಾರಾದರೂ ಸ್ಥಳಕ್ಕೆ ಬರಬೇಕು.

ಅದಕ್ಕೂ ಜಗ್ಗದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಇದೆ. ಸಾರ್ವಜನಿಕ ಉಪದ್ರವ ತೆಗೆಸಲು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಆದೇಶ ಮಾಡಬಹುದು. ಇದು ಹಳೆಯ 133ನೇ ಕಲಮಿನ ಹೊಸ ನಂಬರು. 1980ರಲ್ಲಿ ರತ್ಲಾಮ್ ಊರಿನ ಜನ ತಮ್ಮ ಪುರಸಭೆಯನ್ನು ಮಣಿಸಿದ್ದು ಇದೇ ಕಲಮಿನಿಂದ. ಹಣವಿಲ್ಲ ಎಂಬ ಪುರಸಭೆಯ ನೆಪವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಕಸ ಒಯ್ಯದ ಪಾಲಿಕೆಯ ವಿರುದ್ಧವಾದರೆ ಕಾಯಂ ಜನತಾ ನ್ಯಾಯಾಲಯವೂ ಉಂಟು. ನೈರ್ಮಲ್ಯ ಸೇವೆ ಅದರ ವ್ಯಾಪ್ತಿಯಲ್ಲಿದೆ, ಕೋರ್ಟ್ ಶುಲ್ಕವಿಲ್ಲ. ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈಯಲ್ಲಿದೆ. ಪರಿಹಾರದ ಹಣ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ನ್ಯಾಯಮಂಡಳಿ ಕಾಯ್ದೆಯ 14ನೇ ಕಲಮಿನಡಿ ಹೋಗುವುದಾದರೆ ತಕರಾರು ಹುಟ್ಟಿದ ಆರು ತಿಂಗಳೊಳಗೆ ಹೋಗಬೇಕು. ವಕೀಲರ ಖರ್ಚಿನ ಚಿಂತೆಯಿದ್ದರೆ, ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವಾ ಕಾಯ್ದೆಯೇ ಹೇಳುತ್ತದೆ. ನಾಗರಬಾವಿಯವರಿಗೆ ಇನ್ನೊಂದು ಅನುಕೂಲ: ರಾಷ್ಟ್ರೀಯ ಕಾನೂನು ಶಾಲೆ ಇಲ್ಲೇ ಇದೆ, ಅಲ್ಲಿ ವಿದ್ಯಾರ್ಥಿಗಳ ಕಾನೂನು ಸೇವಾ ಕ್ಲಿನಿಕ್ ಇದೆ.

ಪೇಂಟ್ ಡಬ್ಬದ ಮುಂದೆ ಕೂತವನ ವಿಷಯ ಉಳಿಯಿತು. ಅವನ ಹೆಂಡತಿ ಶೆಡ್ಡಿನಲ್ಲಿ ಅಡುಗೆ ಮಾಡುವುದೂ ಅದೇ ಹಲಗೆಯಿಂದ. ಪ್ಲೈವುಡ್ಡಿನ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಆ ಹೊಗೆಯನ್ನು ಮೊದಲು ಕುಡಿಯುವುದು ಅವರ ಮಕ್ಕಳು. ಕೆಲಸದವರಿಗೆ ಅಡುಗೆಯ ಜಾಗ ಸಮೇತ ಬಿಟ್ಟಿ ವಸತಿ ಕೊಡುವುದು ಮಾಲೀಕನ ಹೊಣೆ ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಆದ್ದರಿಂದ ನೀವು ಪತ್ರ ಬರೆಯಬೇಕಾದ್ದು ಕಟ್ಟಡದ ಮಾಲೀಕರಿಗೆ ಮತ್ತು ಕಂಟ್ರಾಕ್ಟರಿಗೆ. ಐದು ಕೆ.ಜಿ.ಯ ಸಣ್ಣ ಸಿಲಿಂಡರಿಗೆ ವಿಳಾಸದ ಪುರಾವೆ ಬೇಡ, ಒಂದು ಗುರುತಿನ ಚೀಟಿ ತೋರಿಸಿದರೆ ಗ್ಯಾಸ್ ಏಜೆನ್ಸಿಯಲ್ಲಿ ಕೊಡುತ್ತಾರೆ ಎನ್ನುವುದನ್ನೂ ಆ ಪತ್ರದಲ್ಲಿ ಸೇರಿಸಿ.