ನವೆಂಬರಿನ ಮೂರು ಪೂಜೆಗಳು ಮತ್ತು ಮೀಸೆ ಮೂಡದ ಸೈನಿಕರು



ನವೆಂಬರ್ 2, ಸಕಲ ಮೃತರ ಸ್ಮರಣೆಯ ದಿನ, ಒಬ್ಬ ಗುರುಗಳು ಮೂರು ಬಲಿಪೂಜೆಗಳನ್ನು ಅರ್ಪಿಸಬಹುದು. ನಮ್ಮದು ಹಲವು ಭಾಷೆಗಳ ಧರ್ಮಕ್ಷೇತ್ರವಾದ್ದರಿಂದ ತಮಿಳಿಗೊಂದು, ಮಲಯಾಳಕ್ಕೊಂದು, ಕನ್ನಡಕ್ಕೊಂದು ಎಂದು ನಾವು ಅವನ್ನು ಹಂಚಿಕೊಂಡಿದ್ದೇವೆ. ಧರ್ಮೋಪದೇಶದ ತರಗತಿಯ ಮಕ್ಕಳಷ್ಟೇ ಅಲ್ಲ, ದೊಡ್ಡವರಲ್ಲಿಯೂ ಕೆಲವರು ಮೂರು ಪೂಜೆ ಇರುವುದೇ ಮೂರು ಭಾಷೆಗಾಗಿ ಎಂದು ತಿಳಿದಿದ್ದಾರೆ. ಹಾಗಲ್ಲ. ಆ ಮೂರು ಪೂಜೆಗಳ ಹಿಂದೆ ಒಂದು ಮಹಾಯುದ್ಧವಿದೆ.

ಈ ಪದ್ಧತಿ ಮೊದಲು ಸ್ಪೇನ್ ದೇಶದ ಸನ್ಯಾಸಿಗಳಲ್ಲಿತ್ತು. 1748ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟರು ಅದನ್ನು ಸ್ಪೇನ್, ಪೋರ್ಚುಗಲ್ ಮತ್ತು ಅವುಗಳ ಆಳ್ವಿಕೆಯ ನಾಡುಗಳ ಗುರುಗಳಿಗೆಲ್ಲ ಕೊಟ್ಟರು. ಉಳಿದ ಲೋಕಕ್ಕೆ ಅದು ಬಂದದ್ದು 1915ರ ಆಗಸ್ಟ್ 10ರಂದು. ಆಗ ಯುರೋಪು ಹೊತ್ತಿ ಉರಿಯುತ್ತಿತ್ತು. ಒಂದು ವರ್ಷದೊಳಗೆ ಲಕ್ಷಾಂತರ ಜನ ಸತ್ತಿದ್ದರು. ಎಷ್ಟೋ ಹೆಣಗಳಿಗೆ ಗುರುತಿರಲಿಲ್ಲ, ಎಷ್ಟೋ ಜನರಿಗೆ ಒಂದು ಪೂಜೆ ಹೇಳಿಸಲು ಮನೆಯವರೂ ಉಳಿದಿರಲಿಲ್ಲ. ಅದನ್ನು ಕಂಡ ಪೋಪ್ ಹದಿನೈದನೇ ಬೆನೆಡಿಕ್ಟರು ಎಲ್ಲ ಗುರುಗಳಿಗೂ ಈ ಅನುಮತಿ ನೀಡಿದರು. ಮೂರರಲ್ಲಿ ಒಂದನ್ನು ಗುರುಗಳು ಯಾರಾದರೂ ಕೋರಿದ ಉದ್ದೇಶಕ್ಕೆ ಅರ್ಪಿಸಬಹುದು. ಇನ್ನೊಂದು ಸಕಲ ಮೃತ ವಿಶ್ವಾಸಿಗಳಿಗಾಗಿ. ಮತ್ತೊಂದು ಪೋಪ್‌ರವರ ಉದ್ದೇಶಗಳಿಗಾಗಿ. ಕಾಣಿಕೆ ತೆಗೆದುಕೊಳ್ಳಬಹುದಾದದ್ದು ಮೊದಲನೆಯದಕ್ಕೆ ಮಾತ್ರ. ಕೇಳುವವರು ಯಾರೂ ಇಲ್ಲದ ಸತ್ತವರಿಗೂ ಪಾಲು ಸಿಗಬೇಕು ಎಂಬುದು ಈ ಏರ್ಪಾಡಿನ ತಿರುಳು.

ಹಾಗಾದರೆ ಸತ್ತವರು ಯಾರು? ಸೈನಿಕ ಎಂದರೆ ನಮ್ಮ ಕಣ್ಣಿಗೆ ಬರುವುದು ಗಟ್ಟಿಮುಟ್ಟಾದ ಗಂಡಸು. ಆದರೆ ಬೆಲ್ಜಿಯಂ ದೇಶದ ಈಪ್ರ್ ಪಟ್ಟಣದ ಸುತ್ತಲಿನ ಸಮಾಧಿ ಭೂಮಿಗಳಲ್ಲಿ ಕಲ್ಲುಗಳ ಮೇಲಿನ ವಯಸ್ಸನ್ನು ಓದುತ್ತಾ ಹೋದರೆ ಬೇರೆಯೇ ಚಿತ್ರ ಕಾಣುತ್ತದೆ. ಎಸೆಕ್ಸ್ ಫಾರ್ಮ್ ಎಂಬಲ್ಲಿ ವ್ಯಾಲೆಂಟೈನ್ ಸ್ಟ್ರಡ್‌ವಿಕ್ ಎಂಬ ಇಂಗ್ಲಿಷ್ ಹುಡುಗನ ಸಮಾಧಿ ಇದೆ. ಅವನು ಸತ್ತದ್ದು 1916ರ ಜನವರಿ 14ರಂದು, ವಯಸ್ಸು 15. ಇನ್ನೊಂದು ತಿಂಗಳು ಬದುಕಿದ್ದರೆ 16 ತುಂಬುತ್ತಿತ್ತು. ಸ್ವಲ್ಪ ದೂರದ ಪೂಲ್‌ಕಾಪೆಲ್ ಸಮಾಧಿ ಭೂಮಿಯಲ್ಲಿ ಐರ್ಲೆಂಡಿನ ವಾಟರ್‌ಫರ್ಡ್ ನಗರದ ಜಾನ್ ಕಾಂಡನ್ ಎಂಬವನ ಕಲ್ಲಿದೆ. ಸತ್ತ ದಿನ 1915ರ ಮೇ 24, ವಯಸ್ಸು 14 ಎಂದು ಅದರಲ್ಲಿ ಕೆತ್ತಿದೆ. ಹಳೆಯ ಜನನ ದಾಖಲೆಗಳನ್ನು ತೆಗೆದು ನೋಡಿದ ಕೆಲವರು ಅವನಿಗೆ ಆಗ 18 ಆಗಿತ್ತು ಎನ್ನುತ್ತಾರೆ. ಆ ಕಲ್ಲಿನ ಕೆಳಗಿರುವುದು ಅವನೇ ಅಲ್ಲ ಎಂಬ ವಾದವೂ ಇದೆ. ಜನ ಮಾತ್ರ ಇವತ್ತಿಗೂ ಅಲ್ಲಿಗೆ ಹೋಗಿ ಹೂವಿಟ್ಟು ಬರುತ್ತಾರೆ. ಹದಿನಾಲ್ಕೋ ಹದಿನೆಂಟೋ, ಹೆತ್ತವಳಿಗೆ ವ್ಯತ್ಯಾಸವೇನು?

ಬ್ರಿಟಿಷ್ ಸೈನ್ಯದ ನಿಯಮ ಚೆನ್ನಾಗಿಯೇ ಇತ್ತು. ಸೇರಲು 18, ಹೊರದೇಶಕ್ಕೆ ಕಳುಹಿಸಲು 19 ತುಂಬಿರಬೇಕು. ಆದರೆ ಜನನ ಪತ್ರ ತೋರಿಸು ಎಂದು ಯಾರೂ ಪಟ್ಟು ಹಿಡಿಯುತ್ತಿರಲಿಲ್ಲ. ಹುಡುಗ ಹೇಳಿದ ವಯಸ್ಸನ್ನೇ ಬರೆದುಕೊಳ್ಳುತ್ತಿದ್ದರು. ಹೀಗೆ ವಯಸ್ಸು ತುಂಬದೆ ಸೇರಿದವರು ಎರಡೂವರೆ ಲಕ್ಷದಷ್ಟು ಎಂದು ಇತಿಹಾಸಕಾರರ ಅಂದಾಜು. ಹುಡುಗರು ಸುಳ್ಳು ಹೇಳಿದರು, ನಿಜ. ಎದುರಿಗೆ ನಿಂತ ಎಳೆ ಮುಖವನ್ನು ನೋಡಿಯೂ ನಂಬಿದಂತೆ ನಟಿಸಿದ ದೊಡ್ಡವರ ಸುಳ್ಳು ಅದಕ್ಕಿಂತ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ.

ಈಗ ಪವಿತ್ರ ಗ್ರಂಥಕ್ಕೆ ಬರೋಣ. ಮಕ್ಕಬಿಯರ ಎರಡನೆಯ ಗ್ರಂಥ, 12ನೆಯ ಅಧ್ಯಾಯ, 38ರಿಂದ 46ರವರೆಗೆ. ನಮ್ಮ ಪ್ರೊಟೆಸ್ಟೆಂಟ್ ಸಹೋದರರ ಬೈಬಲಿನಲ್ಲಿ ಈ ಗ್ರಂಥವಿಲ್ಲ. ಆದ್ದರಿಂದ ಮನೆಯಲ್ಲಿ ಓದುವಾಗ ಕಥೋಲಿಕ ಬೈಬಲನ್ನೇ ತೆಗೆಯಿರಿ. ಯುದ್ಧ ಮುಗಿದಿದೆ. ಯೂದ ಮಕ್ಕಬಿಯನ ಕಡೆಯವರಲ್ಲಿ ಕೆಲವರು ಬಿದ್ದಿದ್ದಾರೆ. ಸಬ್ಬತ್ ದಿನ ಕಳೆದ ಮೇಲೆ ಅವನ ಜನ ಹೆಣಗಳನ್ನು ಎತ್ತಿ ಅವರವರ ಹಿರಿಯರ ಸಮಾಧಿಯಲ್ಲಿ ಇಡಲು ಹೋಗುತ್ತಾರೆ. ಎತ್ತುವಾಗ ಸತ್ತವರ ಅಂಗಿಯೊಳಗೆ ಯಾಮ್ನಿಯದ ವಿಗ್ರಹಗಳ ತಾಯಿತಗಳು ಸಿಗುತ್ತವೆ. ತಾಯಿತ ಎಂದರೇನೆಂದು ನಮ್ಮ ಊರುಗಳಲ್ಲಿ ವಿವರಿಸಬೇಕಾಗಿಲ್ಲ. ಧರ್ಮಶಾಸ್ತ್ರ ಅವನ್ನು ನಿಷೇಧಿಸಿತ್ತು. ಇವರು ಬಿದ್ದದ್ದು ಈ ಪಾಪಕ್ಕೇ ಎಂದು ಎಲ್ಲರಿಗೂ ಅನ್ನಿಸಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯೂದನಿಗೆ ಎರಡು ಸುಲಭದ ದಾರಿಗಳಿದ್ದವು. ತಾಯಿತಗಳನ್ನು ಬಚ್ಚಿಟ್ಟು ಇವರೆಲ್ಲ ಕಳಂಕವಿಲ್ಲದ ವೀರರು ಎಂದು ಸಾರಬಹುದಿತ್ತು. ಇಲ್ಲವೇ, ವಿಗ್ರಹ ಕಟ್ಟಿಕೊಂಡವರು, ಇವರ ಗೊಡವೆ ಬೇಡ ಎಂದು ಬಿಟ್ಟು ಹೋಗಬಹುದಿತ್ತು. ಅವನು ಎರಡನ್ನೂ ಮಾಡಲಿಲ್ಲ. ಆ ಪಾಪ ಅಳಿಸಿ ಹೋಗಲೆಂದು ಎಲ್ಲರೂ ಪ್ರಾರ್ಥಿಸಿದರು. ಅವನು ತನ್ನವರಿಂದ ಹಣ ಎತ್ತಿ, ಸುಮಾರು ಎರಡು ಸಾವಿರ ಬೆಳ್ಳಿ ದ್ರಾಕ್ಮಾಗಳನ್ನು (ಹಳೆಯ ಲತೀನ್ ಪಾಠದಲ್ಲಿ ಹನ್ನೆರಡು ಸಾವಿರ ಎಂದಿದೆ) ಪಾಪಪರಿಹಾರ ಬಲಿಗಾಗಿ ಜೆರುಸಲೇಮಿಗೆ ಕಳುಹಿಸಿದ. ಸತ್ತವರು ಎದ್ದು ಬರುತ್ತಾರೆ ಎಂಬ ನಂಬಿಕೆ ಇಲ್ಲದಿದ್ದರೆ ಇದೆಲ್ಲ ವ್ಯರ್ಥವಾಗುತ್ತಿತ್ತು ಎಂದು ಗ್ರಂಥಕರ್ತನೇ ಹೇಳುತ್ತಾನೆ. ಧರ್ಮಸಭೆಯ ಧರ್ಮೋಪದೇಶ ಗ್ರಂಥ 1032ನೆಯ ವಿಭಾಗದಲ್ಲಿ ಮೃತರಿಗಾಗಿ ಪ್ರಾರ್ಥಿಸುವುದನ್ನು ಬೋಧಿಸುವಾಗ ಆಧಾರವಾಗಿ ಕೊಡುವುದು ಇದೇ ಪಾಠವನ್ನು. ಅಂದರೆ ಮೃತರಿಗಾಗಿ ಬಲಿ ಅರ್ಪಿಸುವ ನಮ್ಮ ಪದ್ಧತಿಗೆ ಹಳೆಯ ಒಡಂಬಡಿಕೆಯಲ್ಲಿ ಸಿಗುವ ಅತಿ ಸ್ಪಷ್ಟ ಬೇರು ರಣರಂಗದಲ್ಲಿ ಬಿದ್ದ ಸೈನಿಕರ ಬಳಿಯೇ ಇದೆ.

ಸುಳ್ಳು ವಯಸ್ಸು ಬರೆಸಿ ಹೋದ ಹುಡುಗರನ್ನು ನೆನೆಯುವುದೂ ಹೀಗೆಯೇ. ದೇಶದ ಕಂಬದ ಮೇಲೆ ಹೆಸರು ಕೆತ್ತಿದರೆ ಅದು ಗೌರವ. ಪೂಜೆಯಲ್ಲಿ ಹೆಸರು ಓದಿದರೆ ಅದು ಬೇಡಿಕೆ. ಇವನು ವೀರನೋ ಅಲ್ಲವೋ ಎಂದು ನಾವು ತೀರ್ಪು ಕೊಡುತ್ತಿಲ್ಲ. ದೇವರೇ, ಇವನು ನಿನ್ನ ಕೈಯಲ್ಲಿರಲಿ ಎನ್ನುತ್ತಿದ್ದೇವೆ. ಆದ್ದರಿಂದಲೇ ಎದುರು ಪಕ್ಷದ ಹುಡುಗನಿಗಾಗಿಯೂ ಅದೇ ಪೂಜೆಯಲ್ಲಿ ಬೇಡಬಹುದು.

ಎದುರು ಪಕ್ಷದ ಹುಡುಗ ಎಂದೆವು. ಪೀಟರ್ ಕೊಲ್ವಿಟ್ಸ್ ಅಂಥವನು, ಬರ್ಲಿನ್ ನಗರದ ವೈದ್ಯರೊಬ್ಬರ ಮಗ. 1914ರಲ್ಲಿ ಯುದ್ಧ ಆರಂಭವಾದಾಗ ತಾನೂ ಸೇರುತ್ತೇನೆ ಎಂದ. ಪ್ರಾಯ ತುಂಬಿರಲಿಲ್ಲ, ತಂದೆಯ ಒಪ್ಪಿಗೆ ಬೇಕಿತ್ತು. ತಂದೆ ಒಪ್ಪಲಿಲ್ಲ. ತಾಯಿ ಕೇಟೆ ಕೊಲ್ವಿಟ್ಸ್, ಹೆಸರಾಂತ ಚಿತ್ರಕಲಾವಿದೆ, ಮಗನ ಪರವಾಗಿ ಗಂಡನನ್ನು ಒಪ್ಪಿಸಿದಳು. ಅಕ್ಟೋಬರ್ ತಿಂಗಳಲ್ಲೇ ಮಗ ಬೆಲ್ಜಿಯಂನಲ್ಲಿ ಸತ್ತ, 18 ವರ್ಷಕ್ಕೆ. ಆ ತಾಯಿ ಅವನಿಗಾಗಿ ಒಂದು ಸ್ಮಾರಕ ಮಾಡಲು ಹೊರಟಳು. ಮೊದಲು ಮಲಗಿರುವ ಮಗನನ್ನೂ ಕೆತ್ತಬೇಕೆಂದಿದ್ದಳು. ಮಾಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಕೊನೆಗೆ 1932ರಲ್ಲಿ ಸಮಾಧಿ ಭೂಮಿಯಲ್ಲಿ ನಿಲ್ಲಿಸಿದಾಗ ಮಗ ಇರಲಿಲ್ಲ. ಮಂಡಿಯೂರಿದ ತಂದೆ, ಮಂಡಿಯೂರಿದ ತಾಯಿ, ಬೇರೆ ಬೇರೆ ಕಲ್ಲುಗಳು, ಒಬ್ಬರಿಗೊಬ್ಬರು ತಾಗದಂತೆ. ಮುಖಗಳು ಅವರಿಬ್ಬರವೇ. ಇಂದು ಅವು ವ್ಲಾಡ್‌ಸ್ಲೋ ಎಂಬಲ್ಲಿ 25,000ಕ್ಕೂ ಹೆಚ್ಚು ಜರ್ಮನ್ ಸೈನಿಕರ ಮುಂದೆ ಇವೆ. ಆಕೆಯ ಮೊಮ್ಮಗನ ಹೆಸರೂ ಪೀಟರ್. ಅವನು 1942ರಲ್ಲಿ ಎರಡನೇ ಮಹಾಯುದ್ಧದಲ್ಲಿ ಸತ್ತ.

ನಾವು ಆ ತಾಯಿಯನ್ನು ದೂರಲು ಇದನ್ನು ಬರೆಯುತ್ತಿಲ್ಲ. ಸಹಿ ನಮ್ಮ ಮನೆಗಳಲ್ಲೂ ಬೀಳುತ್ತದೆ. ಅಗ್ನಿವೀರನಾಗಿ ಹದಿನೇಳೂವರೆ ವಯಸ್ಸಿನಿಂದ ಸೇರಬಹುದು. 18 ತುಂಬದವನ ಕಾಗದಕ್ಕೆ ತಂದೆತಾಯಿ ಅಥವಾ ಪೋಷಕರ ಸಹಿ ಬೇಕು. ವೆಲಿಂಗ್ಟನ್‌ನಲ್ಲಿರುವ ಮದ್ರಾಸ್ ರೆಜಿಮೆಂಟಿನ ಕೇಂದ್ರದಲ್ಲಿ ತಲೆ ಬೋಳಿಸಿಕೊಂಡು ಓಡುವ ಹುಡುಗರನ್ನು ನೀಲಗಿರಿಯವರೆಲ್ಲ ನೋಡಿದ್ದೇವೆ. ಸೈನ್ಯದ ಸೇವೆ ಪಾಪವಲ್ಲ. ನ್ಯಾಯವಾಗಿ ಮಾಡಿದರೆ ಅದು ದೇಶದ ಭದ್ರತೆಗೂ ಶಾಂತಿಗೂ ಸೇವೆ ಎಂದು ಧರ್ಮೋಪದೇಶ ಗ್ರಂಥ 2310ರಲ್ಲಿ ಹೇಳುತ್ತದೆ. 18 ತುಂಬದವರನ್ನು ನೇರ ಕಾಳಗಕ್ಕೆ ಇಳಿಸಬಾರದೆಂಬ ವಿಶ್ವಸಂಸ್ಥೆಯ 2000ದ ಒಪ್ಪಂದಕ್ಕೆ ವ್ಯಾಟಿಕನ್ನೂ ಭಾರತವೂ ಸೇರಿವೆ. ಮಗ ಹೊರಡುವಾಗ ಕೆಲಸ, ಸಂಬಳ, ಸಮವಸ್ತ್ರ ಎಲ್ಲ ಮಾತಾಡುತ್ತೇವೆ. ಅವನ ಭಯದ ಬಗ್ಗೆ ಒಮ್ಮೆಯಾದರೂ ಕೇಳಿದ್ದೇವೆಯೇ? ಸಹಿಗೆ ಮುಂಚೆ ಒಂದು ಸಂಜೆ ಅದಕ್ಕಾಗಿ ಕುಳಿತುಕೊಳ್ಳಬಹುದು.

ನವೆಂಬರ್ 11ಕ್ಕೆ ಇನ್ನೊಬ್ಬ ಹುಡುಗ ಸೈನಿಕನ ಹಬ್ಬ ಬರುತ್ತದೆ. ಟೂರ್ಸ್‌ನ ಸಂತ ಮಾರ್ಟಿನ್ ಸೈನಿಕನ ಮಗ. ಅಂಥವರ ಮಕ್ಕಳು ಸೇರಲೇಬೇಕೆಂಬ ರೋಮನ್ ಕಾನೂನಿನಂತೆ 15ನೇ ವಯಸ್ಸಿಗೆ ಅವರನ್ನು ಹಿಡಿದು ಸೇರಿಸಿದರು ಎಂದು ಅವರ ಚರಿತ್ರೆ ಬರೆದ ಸಲ್ಪಿಸಿಯಸ್ ಹೇಳುತ್ತಾನೆ. ಅಮಿಯೆನ್ಸ್ ಪಟ್ಟಣದ ಬಾಗಿಲಲ್ಲಿ ಚಳಿಗೆ ನಡುಗುವ ಭಿಕ್ಷುಕನಿಗೆ ಕತ್ತಿಯಿಂದ ತನ್ನ ಮೇಲುವಸ್ತ್ರವನ್ನು ಸೀಳಿ ಅರ್ಧ ಕೊಟ್ಟಾಗ ಅವರಿನ್ನೂ ಸೈನಿಕರೇ, ಜ್ಞಾನಸ್ನಾನ ಕೂಡ ಆಗಿರಲಿಲ್ಲ. 1918ರಲ್ಲಿ ಬಂದೂಕುಗಳು ನಿಂತದ್ದು ಈ ಸಂತರ ಹಬ್ಬದ ದಿನವೇ. ಅಮಿಯೆನ್ಸ್ ಸುತ್ತಮುತ್ತ ಆಗ ಸಮಾಧಿಗಳು ತುಂಬಿಹೋಗಿದ್ದವು. ದಿವಂಗತ ಪೋಪ್ ಫ್ರಾನ್ಸಿಸ್‌ರವರು 2017, 2021 ಮತ್ತು 2023ರಲ್ಲಿ ಮೃತರ ದಿನದ ಪೂಜೆಯನ್ನು ಸೈನಿಕರ ಸಮಾಧಿ ಭೂಮಿಗಳಲ್ಲೇ ಅರ್ಪಿಸಿದರು. ಕೊನೆಯ ಬಾರಿ, ರೋಮಿನಲ್ಲಿ, ಕಲ್ಲುಗಳ ಮೇಲಿನ ಎಳೆಯ ವಯಸ್ಸುಗಳನ್ನು ಓದಿದ್ದನ್ನು ಪ್ರಬೋಧನೆಯಲ್ಲಿ ಹೇಳಿದರು.

ಈ ಸಲ ಮೃತರ ಹೆಸರಿನ ಲಕೋಟೆ ತುಂಬುವಾಗ, ನಿಮ್ಮ ಕುಟುಂಬದಲ್ಲಿ ಸೈನ್ಯದಲ್ಲಿದ್ದು ತೀರಿಕೊಂಡವರು ಯಾರಾದರೂ ಇದ್ದರೆ ಹೆಸರಿನ ಪಕ್ಕ ವಯಸ್ಸನ್ನೂ ಬರೆಯಿರಿ. ಹೆಸರು ಮರೆತಿದ್ದರೆ ಅಜ್ಜಿಯ ತಮ್ಮ, ದೊಡ್ಡಪ್ಪನ ಮಗ ಎಂದಷ್ಟೇ ಬರೆದರೂ ಸಾಕು. ಸಮಾಧಿ ಭೂಮಿಯ ಪೂಜೆಯಲ್ಲಿ ಯಾವ ಭಾಷೆಯ ಸರದಿ ಬಂದರೂ ಅದನ್ನು ಓದಲಾಗುತ್ತದೆ.