ಟ್ರೈ, ತ್ರಿ ಮತ್ತು ಒಂದು ಮುಕ್ಕಾಲಿ

ಈ ಸಲದ ಪಾಠವನ್ನು ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡಬೇಕಾಗಿದೆ.

ದೇವಸ್ಥಾನದ ಭಾನುವಾರದ ಕನ್ನಡ ತರಗತಿಯಲ್ಲಿ ದೊಡ್ಡ ಮಕ್ಕಳ ಗುಂಪಿಗೆ ಪಾಠ ಹೇಳುವವರು ನಾವೇ ಎಂಬುದು ಬಹಳಷ್ಟು ಓದುಗರಿಗೆ ಗೊತ್ತಿದೆ. ನಾವು ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ಮಾಡುವುದು ಸಾಫ್ಟ್‌ವೇರ್. ಭಾಷಾಶಾಸ್ತ್ರ ನಮ್ಮ ಕಸುಬಲ್ಲ. ಆದರೂ ಒಂದು ವಾರ ಉತ್ಸಾಹ ಹೆಚ್ಚಾಗಿ ಬೋರ್ಡಿನ ಮೇಲೆ ‘ತ್ರಿ’ ಎಂದು ದೊಡ್ಡದಾಗಿ ಬರೆದು, “ಇಂಗ್ಲಿಷಿನಲ್ಲಿ ‘ಟ್ರೈ’ ಅಂತಲೋ ‘ಟ್ರಿ’ ಅಂತಲೋ ಶುರುವಾಗುವ ಪದ ಕಂಡರೆ ಹೆದರಬೇಡಿ ಮಕ್ಕಳೇ, ಅದು ನಮ್ಮ ತ್ರಿ. ಅಂದರೆ ಮೂರು. ನಮ್ಮಿಂದಲೇ ಅವರು ತಗೊಂಡಿದ್ದು!” ಎಂದು ಹೇಳಿಬಿಟ್ಟೆವು. ಈ ಒಂದೇ ಮಾತಿನಲ್ಲಿ ಎರಡು ತಪ್ಪುಗಳಿದ್ದವು. ಒಂದು ಎರಡೇ ವಾರದಲ್ಲಿ ಹೊರಬಿತ್ತು.

ಏಳನೆಯ ತರಗತಿಯ ಹುಡುಗಿಯೊಬ್ಬಳು ಬಂದು, “ಅಂಕಲ್, ಸ್ಕೂಲ್ ಟೆಸ್ಟಲ್ಲಿ ‘ಟ್ರಿಯಾಜ್’ ಅಂತ ಕೊಟ್ಟಿದ್ರು. ಮೂರು ಗುಂಪು ಮಾಡೋದು ಅಂತ ಬರೆದೆ. ರಾಂಗ್ ಹಾಕಿದಾರೆ” ಎಂದಳು. ಟೀಚರದೇ ತಪ್ಪಿರಬೇಕು ಎಂದುಕೊಂಡೆವು. ಏಕೆಂದರೆ ನಮ್ಮ ಆಫೀಸಿನಲ್ಲಿ ವಾರಕ್ಕೊಮ್ಮೆ ‘ಬಗ್ ಟ್ರಿಯಾಜ್’ ಮೀಟಿಂಗ್ ಇರುತ್ತದೆ. ಬಂದ ಬಗ್‌ಗಳನ್ನೆಲ್ಲ ತುರ್ತು, ಸಾಧಾರಣ, ಆಮೇಲೆ ನೋಡೋಣ ಎಂದು ಮೂರು ಗುಂಪು ಮಾಡುತ್ತೇವೆ. ಮೂರು ಗುಂಪು, ಆದ್ದರಿಂದ ಟ್ರಿಯಾಜ್! ಅಷ್ಟು ವರ್ಷ ಆ ಮೀಟಿಂಗಿನಲ್ಲಿ ಕೂತರೂ ಒಮ್ಮೆಯೂ ನಿಘಂಟು ತೆಗೆದು ನೋಡಿರಲಿಲ್ಲ. ಆ ರಾತ್ರಿ ನೋಡಿದೆವು. ಟೀಚರ್ ಸರಿ, ನಾವು ತಪ್ಪು. ಫ್ರೆಂಚಿನಲ್ಲಿ ‘ಟ್ರಿಯೇ’ ಎಂದರೆ ಆರಿಸು, ವಿಂಗಡಿಸು. ಇಂಗ್ಲಿಷಿಗೆ ಬಂದ ಹೊಸತರಲ್ಲಿ ಅದು ಉಣ್ಣೆಯನ್ನು ದರ್ಜೆವಾರು ಬೇರ್ಪಡಿಸುವವರ ಮಾತಾಗಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗಾಯಾಳುಗಳಲ್ಲಿ ಯಾರಿಗೆ ಮೊದಲು ಚಿಕಿತ್ಸೆ ಎಂದು ವಿಂಗಡಿಸುವ ಕೆಲಸಕ್ಕೆ ಅಂಟಿಕೊಂಡಿತು. ಎರಡು ಗುಂಪು ಮಾಡಿದರೂ ಟ್ರಿಯಾಜೇ, ಐದು ಮಾಡಿದರೂ ಟ್ರಿಯಾಜೇ. ನಮ್ಮ ಅಜ್ಜಿಯರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದುದೂ ಒಂದರ್ಥದಲ್ಲಿ ಅದೇ.

ಮುಂದಿನ ಭಾನುವಾರ ತಪ್ಪು ಒಪ್ಪಿಕೊಂಡಾಗ ಆ ಹುಡುಗಿ ಕೇಳಿದ ಪ್ರಶ್ನೆ ನಮ್ಮನ್ನು ಬಹಳ ಕಾಡಿತು. “ಹಾಗಾದ್ರೆ ನೀವು ಹೇಳಿದ್ದರಲ್ಲಿ ಬೇರೆ ಯಾವುದು ಸುಳ್ಳು ಅಂಕಲ್?” ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ವಾರಕ್ಕೆ ಒಂದೂವರೆ ಗಂಟೆ, ಅದೂ ಫುಟ್‌ಬಾಲ್ ಬಿಟ್ಟು, ನಮ್ಮ ಮಾತು ನಂಬಿ ಬಂದು ಕೂರುತ್ತಾರೆ. ಶಾಲೆಯಲ್ಲಿ ಒಂದು ಉತ್ತರ ತಪ್ಪಾಗಿದ್ದು ದೊಡ್ಡದಲ್ಲ. ಕನ್ನಡ ಕ್ಲಾಸಿನಲ್ಲಿ ಹೇಳುವುದೆಲ್ಲ ಬರೀ ಬಡಾಯಿ ಎಂದು ಅವರಿಗೆ ಅನ್ನಿಸಿದರೆ ಅದು ದೊಡ್ಡದು. ಆದ್ದರಿಂದ ಆ ಪಾಠವನ್ನು ನೆಟ್ಟಗೆ ಕಲಿತು ಇಲ್ಲಿ ಮತ್ತೊಮ್ಮೆ ಒಪ್ಪಿಸುತ್ತಿದ್ದೇವೆ. ಅಪ್ಪ ಅಮ್ಮಂದಿರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿದರೆ ಇನ್ನೂ ಒಳ್ಳೆಯದು.

ಮೊದಲು ನಿಜವಾಗಿ ಮೂರು ಇರುವ ಪದಗಳು. ‘ಟ್ರೈಪಾಡ್’ ತೆಗೆದುಕೊಳ್ಳಿ, ಕ್ಯಾಮೆರಾ ನಿಲ್ಲಿಸುವ ಸ್ಟ್ಯಾಂಡು. ಗ್ರೀಕಿನಲ್ಲಿ ‘ಟ್ರಿ’ ಮೂರು, ‘ಪೋಡ್’ ಕಾಲು. ಸಂಸ್ಕೃತದಲ್ಲಿ ‘ತ್ರಿ’ ಮೂರು, ‘ಪಾದ’ ಕಾಲು. ಪೋಡ್, ಪಾದ ಎರಡೂ ಒಂದೇ ಬೇರಿನಿಂದ ಒಡೆದ ಚಿಗುರುಗಳು. ಹಾಗೆಂದಮೇಲೆ ನಮ್ಮ ಸರ್ವಜ್ಞನ ‘ತ್ರಿಪದಿ’ಯೂ ಟ್ರೈಪಾಡೂ ಹತ್ತಿರದ ನೆಂಟರು! ಒಂದು ಮೂರು ಕಾಲಿನ ಮೇಲೆ ನಿಲ್ಲುತ್ತದೆ, ಇನ್ನೊಂದು ಮೂರು ಸಾಲಿನ ಮೇಲೆ. ತ್ರಿಪದಿ ನಮ್ಮಲ್ಲಿ ಎಷ್ಟು ಹಳೆಯದೆಂದರೆ, ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅಂದರೆ ಸುಮಾರು ಕ್ರಿ.ಶ. 700ರಲ್ಲೇ, ಬಂಡೆಯ ಮೇಲೆ ಕೊರೆದ ತ್ರಿಪದಿಗಳು ಸಿಗುತ್ತವೆ.

‘ಟ್ರೈಸಿಕಲ್’ನ ಸಿಕಲ್ ಗ್ರೀಕಿನ ‘ಕುಕ್ಲೋಸ್’, ನಮ್ಮ ‘ಚಕ್ರ’. ‘ಟ್ರೈಮೆಸ್ಟರ್’ನಲ್ಲಿರುವುದು ಲ್ಯಾಟಿನ್ನಿನ ‘ಮೆನ್ಸಿಸ್’, ನಮ್ಮ ‘ಮಾಸ’. ಗರ್ಭಿಣಿಯರಿಗೆ ಡಾಕ್ಟರು ಹೇಳುವ ಫಸ್ಟ್ ಟ್ರೈಮೆಸ್ಟರ್ ಎಂದರೆ ಮೊದಲ ತ್ರೈಮಾಸಿಕ, ಅಷ್ಟೇ. ನೀವೀಗ ಓದುತ್ತಿರುವ ಈ ಕನ್ನಡ ವಿಭಾಗವೂ ತ್ರೈಮಾಸಿಕವೇ. ಇಂಗ್ಲಿಷಿನವರು ಇದನ್ನೇ ‘ಕ್ವಾರ್ಟರ್ಲಿ’ ಎನ್ನುತ್ತಾರೆ. ಅವರು ವರ್ಷವನ್ನು ನಾಲ್ಕು ಪಾಲು ಮಾಡಿ ನಾಲ್ಕನ್ನು ಹಿಡಿದರು, ನಾವು ತಿಂಗಳನ್ನು ಎಣಿಸಿ ಮೂರನ್ನು ಹಿಡಿದೆವು. ಪತ್ರಿಕೆ ಮಾತ್ರ ಇಬ್ಬರಿಗೂ ತಡವಾಗಿಯೇ ಬರುತ್ತದೆ!

ದೇವಸ್ಥಾನದ ಪತ್ರಿಕೆಯಲ್ಲಿ ‘ಟ್ರಿಪೋಲಿ’ಯನ್ನು ಬಿಡುವ ಹಾಗಿಲ್ಲ. ಲಿಬಿಯಾದ ಈ ಊರಿನ ಹೆಸರಿಗೆ ಮೂರು ನಗರ ಎಂದರ್ಥ. ಓಯಾ, ಸಬ್ರಾತಾ, ಲೆಪ್ಟಿಸ್ ಎಂಬ ಮೂರು ಪಟ್ಟಣಗಳ ನಾಡಿಗೆ ಆ ಹೆಸರಿತ್ತು. ಗ್ರೀಕಿನ ‘ಪೋಲಿಸ್’, ಸಂಸ್ಕೃತದ ‘ಪುರ’ ಒಂದೇ ಮೂಲದವು. ಟ್ರಿಪೋಲಿಯನ್ನು ಬಿಡಿಸಿ ಬರೆದರೆ ‘ತ್ರಿಪುರ’. ಶಿವನು ಸುಟ್ಟ ಮೂರು ಪುರಗಳ ಕತೆ, ಅದರಿಂದ ಅವನಿಗೆ ಬಂದ ತ್ರಿಪುರಾಂತಕ ಎಂಬ ಹೆಸರು, ಬಳ್ಳಿಗಾವಿಯ ತ್ರಿಪುರಾಂತಕೇಶ್ವರ ದೇವಾಲಯ, ಇವೆಲ್ಲ ಹೇಳಿದ ಮೇಲೆ ನಕ್ಷೆಯಲ್ಲಿ ಟ್ರಿಪೋಲಿ ತೋರಿಸಿದರೆ ಮಕ್ಕಳು ಆ ಪದವನ್ನು ಮರೆಯುವುದಿಲ್ಲ. ಆದರೆ ಶಿವ ಸುಟ್ಟದ್ದು ಅದೇ ಊರನ್ನು ಎಂದು ದಯವಿಟ್ಟು ಯಾರೂ ಹೇಳಿಕೊಡಬೇಡಿ! ಹೆಸರಿನ ರಚನೆ ಒಂದೇ, ಊರು ಬೇರೆ.

ಈಗ ನಮ್ಮ ಎರಡನೆಯ ತಪ್ಪು, ‘ನಮ್ಮಿಂದಲೇ ತಗೊಂಡಿದ್ದು’ ಎಂಬ ಮಾತು. ಇಂಗ್ಲಿಷಿನವರು ‘ಟ್ರೈ’ಯನ್ನು ಪಡೆದದ್ದು ಸಂಸ್ಕೃತದಿಂದಲ್ಲ, ಲ್ಯಾಟಿನ್ ಮತ್ತು ಗ್ರೀಕಿನಿಂದ. 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಎಂಬ ನ್ಯಾಯಾಧೀಶರು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಬಹುಶಃ ಈಗ ಉಳಿದಿಲ್ಲದ ಯಾವುದೋ ಒಂದೇ ಮೂಲದಿಂದ ಬಂದಿರಬೇಕು ಎಂದರು. ಅಲ್ಲಿಂದ ಮುಂದೆ ನಡೆದ ಅಭ್ಯಾಸವೆಲ್ಲ ಇದನ್ನೇ ಗಟ್ಟಿ ಮಾಡಿತು. ಅಂದರೆ ಸಂಸ್ಕೃತದ ತ್ರಿ, ಲ್ಯಾಟಿನ್ನಿನ ಟ್ರಿ ತಾಯಿ ಮಗಳಲ್ಲ, ಒಂದೇ ಅಜ್ಜಿಯ ಮೊಮ್ಮಕ್ಕಳು. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಒಂದೇ ಹಳೆಯ ಸೋರ್ಸ್ ಕೋಡನ್ನು ಬೇರೆ ಬೇರೆ ಟೀಮುಗಳು ಕಾಪಿ ಮಾಡಿಕೊಂಡು ತಮ್ಮ ತಮ್ಮ ಇಷ್ಟದಂತೆ ಬದಲಾಯಿಸಿಕೊಂಡ ಹಾಗೆ.

ಇಂಗ್ಲಿಷಿನ ಮನೆಮಾತಿನ ಮೂರು ‘ಥ್ರೀ’. ಅದೂ ಅದೇ ಅಜ್ಜಿಯ ಇನ್ನೊಂದು ಮೊಮ್ಮಗು. ಜರ್ಮಾನಿಕ್ ಗುಂಪಿನ ಭಾಷೆಗಳಲ್ಲಿ ಹಳೆಯ ‘ತ’ ಸದ್ದು ‘ಥ’ ಕಡೆಗೆ, ‘ದ’ ಸದ್ದು ‘ಟ’ ಕಡೆಗೆ, ‘ಪ’ ಸದ್ದು ‘ಫ’ ಕಡೆಗೆ ಸರಿಯಿತು. ಯಾಕೋಬ್ ಗ್ರಿಮ್, ಮಕ್ಕಳ ಕತೆಗಳ ಗ್ರಿಮ್ ಸಹೋದರರಲ್ಲಿ ದೊಡ್ಡವರು, ಇದನ್ನು 1822ರಲ್ಲಿ ಸೂತ್ರವಾಗಿ ಬರೆದರು. ಪಾದ ಹೋಗಿ ‘ಫುಟ್’ ಆದದ್ದು ಹೀಗೆ. ದಂತ ಹೋಗಿ ‘ಟೂತ್’ ಆದದ್ದೂ ಹೀಗೆ. ‘ಟ್ರೈಡೆಂಟ್’ ಎಂದರೆ ಮೂರು ಹಲ್ಲಿನದು, ಅಕ್ಷರಶಃ ‘ತ್ರಿದಂತ’. ನಾವು ತ್ರಿಶೂಲ ಎನ್ನುವಾಗ ಮೊನೆಯನ್ನು ನೋಡಿದೆವು, ರೋಮಿನವರು ಹಲ್ಲನ್ನು ನೋಡಿದರು. ಈ ಸೂತ್ರ ತಿಳಿದ ಮೇಲೆ ಮಕ್ಕಳಿಗೆ ಪದಗಳನ್ನು ಉರು ಹೊಡೆಯುವ ಕಷ್ಟ ಎಷ್ಟೋ ಕಡಿಮೆಯಾಗುತ್ತದೆ.

ಕೊಡು ಕೊಳ್ಳುವುದು ನಡೆದೇ ಇಲ್ಲ ಎಂದಲ್ಲ. ‘ಟ್ರಿಗನಾಮೆಟ್ರಿ’ಯನ್ನೇ ನೋಡಿ. ಗ್ರೀಕಿನ ‘ಟ್ರಿಗೋನಾನ್’ ಎಂದರೆ ಮೂರು ಮೂಲೆಯದು, ‘ಮೆಟ್ರಾನ್’ ಎಂದರೆ ಅಳತೆ. ನಮ್ಮ ಜ್ಯೋತಿಷ್ಯದ ‘ತ್ರಿಕೋಣ’ ಎಂಬ ಪಾರಿಭಾಷಿಕ ಪದ ಈ ಟ್ರಿಗೋನಾನ್‌ನಿಂದಲೇ ಬಂದದ್ದೆಂದು ವಿದ್ವಾಂಸರು ಹೇಳುತ್ತಾರೆ. ಅದಕ್ಕೆ ಬದಲಾಗಿ ಅದೇ ಗಣಿತದ ‘ಸೈನ್’ ನಮ್ಮ ಕಡೆಯಿಂದ ಹೋದದ್ದು. 499ರ ಹೊತ್ತಿಗೆ ಆರ್ಯಭಟ ಅರ್ಧಜ್ಯೆಯ ಬೆಲೆಗಳನ್ನು ಕೊಟ್ಟಿದ್ದ. ಜ್ಯಾ ಅಥವಾ ಜೀವಾ ಎಂದರೆ ಬಿಲ್ಲಿನ ಹೆದೆ. ಅರಬ್ಬರು ಅದನ್ನು ‘ಜೀಬ’ ಎಂದು ಬರೆದುಕೊಂಡರು. ಅರಬ್ಬೀ ಬರಹದಲ್ಲಿ ಸ್ವರ ಬಿಟ್ಟು ಬರೆಯುವುದರಿಂದ ಮುಂದೆ ಅದನ್ನು ‘ಜೈಬ್’ ಎಂದು ಓದಿದರು. ಜೈಬ್ ಎಂದರೆ ಅಂಗಿಯ ಎದೆಭಾಗದ ಮಡಿಕೆ. ಲ್ಯಾಟಿನ್ನಿಗೆ ತಂದವರು ಮಡಿಕೆಗೆ ತಮ್ಮಲ್ಲಿದ್ದ ‘ಸೈನಸ್’ ಎಂಬ ಪದ ಹಾಕಿದರು. ಬಿಲ್ಲಿನ ಹೆದೆ ಅಂಗಿಯ ಮಡಿಕೆಯಾಗಿ ನಮ್ಮ ಹನ್ನೊಂದನೆಯ ಕ್ಲಾಸಿನ ಪುಸ್ತಕಕ್ಕೆ ಬಂದು ಕೂತಿತು! ನಾವು ಇಂಜಿನಿಯರಿಂಗ್ ಮುಗಿಸುವ ತನಕ ಸಾವಿರ ಸಲ ಸೈನ್ ಥೀಟಾ ಬರೆದಿದ್ದೇವೆ. ಒಬ್ಬ ಮೇಷ್ಟರೂ ಇದನ್ನು ಹೇಳಿರಲಿಲ್ಲ.

ಇಷ್ಟು ಹೇಳಿ ತರಗತಿ ಮುಗಿಸುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದ ಅದೇ ಹುಡುಗಿಯ ಅಜ್ಜಿ, ಊರಿನಿಂದ ಆರು ತಿಂಗಳಿಗೆಂದು ಬಂದವರು, “ಎಲ್ಲ ಸರಿ ಕಣಪ್ಪಾ, ಆದ್ರೆ ತ್ರಿ ಅಂದ್ರೆ ಕನ್ನಡ ಅಂತ ಹೇಳ್ತಿದೀಯಲ್ಲ, ಟ್ರೈಪಾಡಿಗೆ ನಮ್ಮ ಕಡೆ ಮುಕ್ಕಾಲಿ ಅಂತೀವಿ” ಎಂದರು. ಕ್ಲಾಸಿನಲ್ಲಿ ಒಂದು ನಿಮಿಷ ಸದ್ದೇ ಇಲ್ಲ. ಪಾಠದ ಮುಖ್ಯ ವಿಷಯ ನಮ್ಮ ಕೈತಪ್ಪಿ ಹೋಗಿತ್ತು, ಅವರು ಎತ್ತಿ ಕೊಟ್ಟರು.

ಕನ್ನಡದ ಮನೆಯ ಮೂರು ‘ಮೂರು’. ತಮಿಳಿನಲ್ಲಿ ಮೂನ್ರು, ತೆಲುಗಿನಲ್ಲಿ ಮೂಡು, ಮಲಯಾಳದಲ್ಲಿ ಮೂನ್ನು, ತುಳುವಿನಲ್ಲಿ ಮೂಜಿ. ಇದು ತ್ರಿಯ ವಂಶವೇ ಅಲ್ಲ. ದಕ್ಷಿಣದ ಈ ಭಾಷೆಗಳದ್ದು ಬೇರೆಯೇ ಕುಟುಂಬ ಎಂದು ಮದರಾಸಿನ ಫ್ರಾನ್ಸಿಸ್ ವೈಟ್ ಎಲ್ಲಿಸ್ 1816ರಲ್ಲೇ ತೋರಿಸಿದರು. 1856ರಲ್ಲಿ ಕಾಲ್ಡ್‌ವೆಲ್ ದೊಡ್ಡ ಪುಸ್ತಕವನ್ನೇ ಬರೆದರು. ಹಾಗಾಗಿ ಕನ್ನಡಕ್ಕೂ ‘ತ್ರಿ’ ಸಂಸ್ಕೃತದಿಂದ ಬಂದ ಎರವಲು ಪದ, ಇಂಗ್ಲಿಷಿಗೆ ‘ಟ್ರೈ’ ಬಂದಂತೆಯೇ. ಅವರಿಗೆ ಮನೆಯಲ್ಲಿ ಥ್ರೀ, ಶಾಲೆಯಲ್ಲಿ ಟ್ರೈ. ನಮಗೆ ಮನೆಯಲ್ಲಿ ಮೂರು, ಶಾಲೆಯಲ್ಲಿ ತ್ರಿ. ಒಂದೇ ವ್ಯತ್ಯಾಸ: ಅವರ ಥ್ರೀ ಮತ್ತು ಟ್ರೈ ರಕ್ತಸಂಬಂಧಿಗಳು, ನಮ್ಮ ಮೂರು ಮತ್ತು ತ್ರಿ ಒಂದೇ ಮನೆಯಲ್ಲಿ ನೂರಾರು ವರ್ಷ ಹೊಂದಿಕೊಂಡು ಬಾಳಿದವು.

ಮೂರು ಎಂಬುದು ಪದದ ಮುಂದೆ ಬಂದಾಗ ಎಷ್ಟೋ ಕಡೆ ‘ಮು’ ಆಗಿ ಮುಂದಿನ ಅಕ್ಷರವನ್ನು ಒತ್ತಿ ಹಿಡಿಯುತ್ತದೆ. ಮೂರು ಕಾಲಿನ ಮಣೆ ಮುಕ್ಕಾಲಿ. ಮೂರು ಕಣ್ಣಿನವನು ಮುಕ್ಕಣ್ಣ. ‘ತ್ರಿನೇತ್ರ’ ಎಂದರೂ ಅವನೇ. ಮೂರು ಎಳೆ ಸೇರಿಸಿ ಹೊಸೆದದ್ದು ಮುಪ್ಪುರಿ. ನಾಲ್ಕರಲ್ಲಿ ಮೂರು ಪಾಲು ಮುಕ್ಕಾಲು. ಮೂರು ನೂರು ಮುನ್ನೂರು. ಮೂರು ಪಟ್ಟು ಮುಮ್ಮಡಿ. ರಾಜರ ಹೆಸರಿನ ಮುಂದೆ ಬಂದರೆ ಮೂರನೆಯವರು, ಮುಮ್ಮಡಿ ಕೃಷ್ಣರಾಜ ಒಡೆಯರ ಹಾಗೆ. ನಮ್ಮ ಕ್ಲಾಸಿನಲ್ಲಿ ಹನ್ನೊಂದು ಮಕ್ಕಳಿಗೂ ‘ತ್ರಿ’ ಗೊತ್ತಿತ್ತು, ಏಕೆಂದರೆ ಶ್ಲೋಕ ಹೇಳುತ್ತಾರೆ. ‘ಮು’ ಗೊತ್ತಿದ್ದವರು ಒಬ್ಬರೂ ಇಲ್ಲ. ಗಂಟೆ ಕೇಳಿದರೆ ‘ಟೂ ಫಾರ್ಟಿಫೈವ್’ ಎನ್ನುವ ಮನೆಗಳಲ್ಲಿ ‘ಎರಡೂ ಮುಕ್ಕಾಲು’ ಎಲ್ಲಿಂದ ಬರಬೇಕು? ಇದರಲ್ಲಿ ಮಕ್ಕಳ ತಪ್ಪಿಲ್ಲ, ನಮ್ಮ ಮನೆಯಲ್ಲೂ ಹಾಗೇ ಹೇಳುತ್ತೇವೆ.

ಇನ್ನು ‘ಟ್ರಿವಿಯಲ್’. ಲ್ಯಾಟಿನ್ನಿನಲ್ಲಿ ‘ವಿಯಾ’ ಎಂದರೆ ದಾರಿ. ಮೂರು ದಾರಿ ಕೂಡುವ ಸ್ಥಳ ‘ಟ್ರಿವಿಯಂ’. ಅಂಥ ಕಡೆ ಸಿಗುವುದು ಎಲ್ಲರಿಗೂ ಸಿಗುವಂಥ ಮಾಮೂಲು ಸರಕು ಎಂಬರ್ಥದಿಂದ ಟ್ರಿವಿಯಲ್ ಎಂದರೆ ಕ್ಷುಲ್ಲಕ ಎಂದಾಯಿತು. ರೋಮಿನವರು ಕೂಡುದಾರಿಯ ದೇವತೆಯನ್ನು ‘ಟ್ರಿವಿಯಾ’ ಎಂದು ಕರೆಯುತ್ತಿದ್ದರು. ಇದನ್ನು ಹೇಳಿದಾಗ ಅದೇ ಅಜ್ಜಿ, “ನಾವೂ ದೃಷ್ಟಿ ತೆಗೆದದ್ದನ್ನ ಮೂರು ದಾರಿ ಸೇರೋ ಕಡೆನೇ ಹಾಕ್ತೀವಲ್ಲ” ಎಂದರು. ಇದಕ್ಕೂ ಅದಕ್ಕೂ ಸಂಬಂಧವಿದೆ ಎಂದು ನಾವು ಹೇಳುವುದಿಲ್ಲ. ಒಮ್ಮೆ ಕೈ ಸುಟ್ಟುಕೊಂಡಿದ್ದೇವೆ.

‘ಟ್ರಿಲಿಯನ್’ ಸ್ವಲ್ಪ ತರಲೆ ಪದ. ಮೊದಲು ಅದಕ್ಕೆ ಮಿಲಿಯನ್ನನ್ನು ಮೂರು ಸಲ ಗುಣಿಸಿದ್ದು ಎಂಬರ್ಥವಿತ್ತು, ಒಂದರ ಮುಂದೆ 18 ಸೊನ್ನೆ. ಜರ್ಮನಿಯಲ್ಲಿ ಇವತ್ತಿಗೂ ಹಾಗೆಯೇ. ಅಮೆರಿಕದಲ್ಲಿ 12 ಸೊನ್ನೆ, ಅಂದರೆ ನಮ್ಮ ಲಕ್ಷ ಕೋಟಿ. ಬ್ರಿಟನ್ ಸರ್ಕಾರ 1974ರಲ್ಲಿ ಅಮೆರಿಕದ ಲೆಕ್ಕಕ್ಕೆ ಬಂತು. ಇನ್ನು ನಮ್ಮ ವಯಸ್ಸಿನವರಿಗೆಲ್ಲ ರಕ್ತಪರೀಕ್ಷೆಯ ಕಾಗದದಲ್ಲಿ ಕಾಣುವ ‘ಟ್ರೈಗ್ಲಿಸರೈಡ್’ ಇದೆಯಲ್ಲ, ಗ್ಲಿಸರಾಲಿಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡದ್ದಕ್ಕೆ ಆ ಹೆಸರು. 150ರೊಳಗೆ ಇರಬೇಕು ಎನ್ನುತ್ತಾರೆ ಡಾಕ್ಟರು. ಹಬ್ಬದ ಊಟದ ಕೌಂಟರಿನಲ್ಲಿ ಮೂರನೆಯ ಹೋಳಿಗೆಗೆ ಕೈ ಚಾಚುವ ಮುನ್ನ ಈ ಟ್ರೈ ನೆನಪಾಗಲಿ!

ಕೊನೆಗೆ ಮಕ್ಕಳಿಗೆ ಮನೆಗೆಲಸ. ಟ್ರೈಸೆಪ್ಸ್, ಟ್ರಿಗರ್, ಟ್ರೈಸೆರಾಟಾಪ್ಸ್, ಟ್ರಯಲ್, ಟ್ರಿಸ್ಕೈಡೆಕಫೋಬಿಯಾ, ಈ ಐದರಲ್ಲಿ ಮೂರು ಅಡಗಿರುವುದು ಯಾವುದರಲ್ಲಿ, ಇಲ್ಲದ್ದು ಯಾವುದರಲ್ಲಿ? ಹಾಗೆಯೇ ಮುಪ್ಪು, ಮುಮ್ಮಡಿ, ಮುತ್ತು, ಮುನ್ನೂರು, ಇವುಗಳಲ್ಲಿ? ಊರಿಗೆ ಫೋನ್ ಮಾಡಿದಾಗ ಅಜ್ಜ ಅಜ್ಜಿಯರನ್ನು ಕೇಳಿ ‘ಮು’ ಪದ ಇನ್ನೊಂದಾದರೂ ತನ್ನಿ. ತಂದವರ ಪದವನ್ನು ಬೋರ್ಡಿನ ಮೇಲೆ ಬರೆಯುತ್ತೇವೆ.

ಉತ್ತರಗಳು: ಟ್ರೈಸೆಪ್ಸ್ ಮೂರು ತಲೆಯ ಸ್ನಾಯು, ರಾಮಾಯಣದ ತ್ರಿಶಿರನ ಹಾಗೆ. ಟ್ರೈಸೆರಾಟಾಪ್ಸ್ ಮುಖದಲ್ಲಿ ಮೂರು ಕೊಂಬಿರುವ ಡೈನೊಸಾರ್. ಟ್ರಿಸ್ಕೈಡೆಕಫೋಬಿಯಾ 13ರ ಭಯ. ಗ್ರೀಕಿನ ಟ್ರೈಸ್, ಡೆಕ ಎಂಬವನ್ನು ನಮ್ಮ ತ್ರಯೋದಶದ ಪಕ್ಕದಲ್ಲಿಟ್ಟು ನೋಡಿ. ಟ್ರಿಗರ್ ಡಚ್ಚರ ‘ಎಳೆ’ ಎಂಬ ಪದದಿಂದ ಬಂದದ್ದು, ಟ್ರಯಲ್ ‘ಪ್ರಯತ್ನಿಸು’ ಎಂಬ ಟ್ರೈ ಕಡೆಯದು, ಎರಡರಲ್ಲೂ ಮೂರಿಲ್ಲ. ಕನ್ನಡದಲ್ಲಿ ಮುಮ್ಮಡಿ, ಮುನ್ನೂರು ಮಾತ್ರ ಮೂರಿನವು. ಮುಪ್ಪು ವಯಸ್ಸಿಗೆ, ಮುತ್ತು ಸಮುದ್ರಕ್ಕೆ ಸೇರಿದ್ದು.